ಗೋಪುರದ ತಲೆ

ಉಸ್ತಾದ್ ರಾಫತ್‌ನ ಜೀಪಿನ ಹಿಂದೆ ಒಂದು ಪುಟ್ಟ ಬಿಳಿ ಕಾರು ನಿಂತಿತ್ತು. ಇದರಲ್ಲಿ ವಿಶೇಷವೇನೂ ಇಲ್ಲ. ಶಾರ್ಜಾದಲ್ಲಿ ಯಾರ ಗಾಡಿಯ ಹಿಂದೆ ನೋಡಿದರೂ ಒಂದು ಬಿಳಿ ಕಾರು ಇದ್ದೇ ಇರುತ್ತದೆ. ಆದರೆ ಇದು ಎಷ್ಟು ಹತ್ತಿರ ನಿಂತಿತ್ತೆಂದರೆ ನಡುವೆ ಅಂಗೈ ತೂರಿಸುವುದೂ ಕಷ್ಟವಾಗಿತ್ತು. ಮುಂದೆ ಗೋಡೆ, ಎಡಬಲಕ್ಕೆ ಬೇರೆಯವರ ಕಾರುಗಳು. ಜೀಪು ಹೊರಗೆ ಬರುವ ಹಾಗಿರಲಿಲ್ಲ, ಅದರ ಹಿಂಬಾಗಿಲು ತೆರೆಯುವ ಹಾಗೂ ಇರಲಿಲ್ಲ. ಆ ಹಿಂಬಾಗಿಲ ಒಳಗೆ, ಮರದ ಪೆಟ್ಟಿಗೆಯೊಂದರಲ್ಲಿ, ಒಂದು ಗೋಪುರದ ತಲೆ ಇತ್ತು.

ಈಜಿಪ್ಟಿನ ಮನ್ಸೂರಾದಿಂದ ಬಂದ ರಾಫತ್ ಕಟ್ಟಡಗಳ ಮಾದರಿ ಮಾಡುವ ಕಂಪನಿಯಲ್ಲಿ ಹದಿನಾಲ್ಕು ವರ್ಷದಿಂದ ಕೆಲಸದಲ್ಲಿದ್ದ. ಇಲ್ಲಿ ಯಾವ ಗೋಪುರವೂ ನೆಲದ ಮೇಲೆ ಏಳುವ ಮೊದಲು ರಾಫತ್‌ನ ಮೇಜಿನ ಮೇಲೆ ಏಳುತ್ತಿತ್ತು. ಬೆರಳುಗಾತ್ರದ ಮರ, ಅಕ್ಕಿಕಾಳಿನಷ್ಟು ಮನುಷ್ಯರು, ಹುರುಳಿಕಾಳಿನಷ್ಟು ಕಾರುಗಳು, ಎಲ್ಲವನ್ನೂ ಚಿಮಟದಲ್ಲಿ ಎತ್ತಿ ಅಂಟಿಸುವುದು ಅವನ ಕೆಲಸ. ಅವನು ಮಾಡಿದ ಊರುಗಳಲ್ಲಿ ಪಾರ್ಕಿಂಗ್ ಧಾರಾಳವಾಗಿತ್ತು. ಅರ್ಧ ಜಾಗವನ್ನು ಖಾಲಿ ಬಿಡಬೇಕು, ನೋಡುವವರಿಗೆ ಹಿತವಾಗಿರುತ್ತದೆ ಎಂದು ಕಟ್ಟಿಸುವವರೇ ಹೇಳುತ್ತಿದ್ದರು. ಹಾಗೆ ದಿನವಿಡೀ ಖಾಲಿ ಜಾಗ ಹಂಚಿ ಮನೆಗೆ ಬಂದ ರಾಫತ್, ತನ್ನದೊಂದು ಜೀಪು ನಿಲ್ಲಿಸಲು ಬೀದಿ ಬೀದಿ ಸುತ್ತುತ್ತಿದ್ದ.

ಈ ಸಲದ ಗೋಪುರದ ಬುಡ ಆಗಲೇ ದುಬೈನ ಹೋಟೆಲೊಂದರ ಸಭಾಂಗಣಕ್ಕೆ ಹೋಗಿತ್ತು. ತಲೆಯ ಭಾಗದ ಕಟಕಟೆ ಅಂಟಿಸುವುದು ಬಾಕಿ ಇದ್ದುದರಿಂದ ಅದನ್ನು ರಾಫತ್ ಮನೆಗೇ ತಂದಿದ್ದ. ರಾತ್ರಿ ಕೆಲಸ ಮುಗಿದ ಮೇಲೆ ಪೆಟ್ಟಿಗೆಯನ್ನು ಜೀಪಿನಲ್ಲಿಟ್ಟು ಮಲಗಿದ್ದ, ಕಂಪನಿಯ ವ್ಯಾನು ಬಂದು ಒಯ್ಯಬೇಕಿತ್ತು. ಬೆಳಿಗ್ಗೆ ಲೆಬನಾನಿನವನಾದ ಮ್ಯಾನೇಜರ್ ಘಸ್ಸಾನ್ ಫೋನು ಮಾಡಿದ.

"ವ್ಯಾನು ಅಬುಧಾಬಿಗೆ ಹೋಗಿದೆ. ನೀನೇ ತಗೊಂಡ್ ಬಾ. ಇಳಿಹೊತ್ತಿನ ಅಸರ್ ನಮಾಜ್ ಮುಗಿದ ತಕ್ಷಣ ಗೋಪುರದ ಪರದೆ ತೆಗೀತಾರೆ. ಈ ವಾರ ನಿನ್ನ ಕರಾರಿಗೆ ನಾನು ಸಹಿ ಹಾಕ್ಬೇಕು, ನೆನಪಿದೆಯಲ್ಲ? ಗೋಪುರಕ್ಕೆ ತಲೆ ಇದ್ರೆ ನಿಂಗೆ ಕೆಲಸ ಇದೆ."

ಈಗ ಆ ತಲೆ ಜೀಪಿನೊಳಗೆ ಸೆರೆಯಾಗಿತ್ತು. ಹೊತ್ತು ಹನ್ನೊಂದಾಗಿತ್ತು, ಬಿಸಿಲು ಕಾದ ಕಾವಲಿಯಂತಿತ್ತು.

ರಾಫತ್ ಜೀಪಿನೊಳಗೆ ಕೂತು ಜೋರಾಗಿ ಹಾರ್ನ್ ಹೊಡೆದ. ಬಿಳಿ ಕಾರಿನವನು ಯಾವ ಮನೆಯಲ್ಲಿದ್ದರೂ ಕಿಟಕಿಗೆ ಬರಲಿ ಎಂಬುದು ಅವನ ಎಣಿಕೆ. ಯಾವ ಕಿಟಕಿಯೂ ತೆರೆಯಲಿಲ್ಲ. ಬದಲಿಗೆ ಮೂಲೆಯ ಕಫೆಟೇರಿಯಾದಿಂದ ಮಲಬಾರಿನ ಬೀರಾನ್ ಕಾಗದದ ಲೋಟದಲ್ಲಿ ಚಹಾ ಹಿಡಿದುಕೊಂಡು ಬಂದ.

"ನಾನು ಚಹಾ ಕೇಳಿಲ್ಲ ಬೀರಾನ್."

"ಹಾರ್ನ್ ಹೊಡೆದ್ರಲ್ಲ ಉಸ್ತಾದ್?"

"ಈ ಕಾರಿನವನನ್ನ ಕರೆಯೋಕೆ ಹೊಡೆದೆ."

"ಹಾರ್ನ್ ಹೊಡೆದ್ರೆ ಚಹಾ. ಮೂವತ್ತು ವರ್ಷದಿಂದ ಹಾಗೇ ನಡೀತಾ ಇದೆ," ಎಂದು ಬೀರಾನ್ ಲೋಟವನ್ನು ಕೈಗಿಟ್ಟು ಹೋದ.

ರಾಫತ್ ಮತ್ತೆ ಹಾರ್ನ್ ಹೊಡೆದ. ಮತ್ತೊಂದು ಚಹಾ ಬಂತು. ರೋಷ ಬಂದು ಮೂರು ಸಲ ಒತ್ತೊತ್ತಿ ಹೊಡೆದ. ಬೀರಾನ್ ತಟ್ಟೆಯಲ್ಲಿ ಮೂರು ಲೋಟ ಜೋಡಿಸಿಕೊಂಡು ಬಂದ.

ಇಷ್ಟು ಚಹಾ ಎಲ್ಲಿಗೆ ಹೋಗುತ್ತಿದೆ ಎಂದು ನೋಡಲು ಜನ ಇಳಿದರು. ಮೊದಲು ಬಂದವನು ಎರಡನೇ ಮಹಡಿಯ ಹಾಜ್ ತಿಜಾನಿ. ಸುಡಾನಿನವನು, ಬಂದರಿನಲ್ಲಿ ರಾತ್ರಿ ಪಾಳಿ. ಹಗಲು ನಿದ್ದೆ ಮಾಡಬೇಕಾದವನು ಅದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡುತ್ತಿದ್ದ. ಅವನ ಹಿಂದೆ ಕಟ್ಟಡ ನೋಡಿಕೊಳ್ಳುವ ನಾತೂರ್, ಸಿಲ್ಹೆಟ್ಟಿನ ಶಫೀಕುಲ್. ಇಬ್ಬರೂ ಮೊದಲು ಒಂದೊಂದು ಚಹಾ ತೆಗೆದುಕೊಂಡರು, ಆಮೇಲೆ ಸಂಗತಿ ವಿಚಾರಿಸಿದರು.

"ಇದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ ತಮ್ಮಾ? ಪಕ್ಕದ ಬಾಗಿಲಿಂದ ಪೆಟ್ಟಿಗೆ ತೆಗಿಯೋಣ," ಎಂದ ತಿಜಾನಿ.

"ಹಿಂದಿನಿಂದ ಹೋಗಿದ್ದು, ಹಿಂದಿನಿಂದಲೇ ಬರಬೇಕು. ಪೆಟ್ಟಿಗೆ ಬಾಗಿಲಿಗಿಂತ ಅಗಲ ಇದೆ."

"ಅಗಲ ಅನ್ನೋದು ಎಳೆಯೋವರೆಗೆ ಮಾತ್ರ."

ತಿಜಾನಿ ಮತ್ತು ಶಫೀಕುಲ್ ಎರಡು ಕಡೆಯಿಂದ ಹತ್ತಿ ಪೆಟ್ಟಿಗೆಯನ್ನು ಎಳೆದರು. ಸೀಟಿನ ಮೇಲೆ ಅರ್ಧ ಏರಿ ಅದು ಸಿಕ್ಕಿಕೊಂಡಿತು. ಒಳಗಿಂದ 'ಟಿಕ್' ಎಂದು ಸಣ್ಣ ಸದ್ದು ಬಂತು. ರಾಫತ್‌ನ ಎದೆಯೊಳಗೂ ಏನೋ ಹಾಗೆಯೇ ಮುರಿದಂತಾಯಿತು. ಮೇಲಿನ ಹನ್ನೆರಡು ಮಹಡಿಗಳ ಕಟಕಟೆಯನ್ನು ಕಣ್ಣು ಉರಿಯುವವರೆಗೆ ಕೂತು ಅಂಟಿಸಿದವನು ಅವನು. ಅವನು ಚೀರಿದ್ದಕ್ಕೆ ಇಬ್ಬರೂ ಪೆಟ್ಟಿಗೆಯನ್ನು ಇದ್ದಲ್ಲಿಗೇ ಇಳಿಸಿದರು.

"ಹಾಗಾದ್ರೆ ಬಿಳಿ ಕಾರನ್ನೇ ಎತ್ತಿ ಪಕ್ಕಕ್ಕೆ ಇಡೋಣ," ಎಂದ ಶಫೀಕುಲ್. "ನಾಲ್ಕು ಜನ ಸಾಕು. ಸೈಕಲ್ಲಿನಷ್ಟೂ ಭಾರ ಇರಲಿಕ್ಕಿಲ್ಲ."

ತಿಜಾನಿ ನಾಲಿಗೆ ಕಚ್ಚಿಕೊಂಡ. "ಹುಚ್ಚಾ! ಪರರ ಕಾರು ಅದು. ಒಂದು ಗೀರು ಬಿದ್ರೆ ಸಾಕು, ಸೀದಾ ವಿಮಾನ ಹತ್ತಿಸ್ತಾರೆ. ಮುಟ್ಬೇಡ."

ನಾಲ್ವರೂ ಒಂದು ಹೆಜ್ಜೆ ಹಿಂದೆ ಸರಿದು, ಪರರ ಕಾರನ್ನು ಗೌರವದಿಂದ ನೋಡಿದರು.

ಆಗ ಬೀರಾನ್‌ಗೆ ಗಾಜಿನ ಒಳಗೆ ಒಂದು ರಟ್ಟಿನ ಚೂರು ಕಂಡಿತು. ಅಡ್ಡ ನಿಲ್ಲಿಸುವವರು ಮರ್ಯಾದೆಗೆ ಇಡುವ ಫೋನ್ ನಂಬರು. ರಾಫತ್ ಕರೆ ಮಾಡಿದ. ಆ ನಂಬರು ಬಳಕೆಯಲ್ಲಿಲ್ಲ ಎಂದಿತು ಒಂದು ಹೆಣ್ಣು ದನಿ. ವಾಟ್ಸ್ಯಾಪಿನಲ್ಲಿ ಮಾಡಿ ನೋಡಿ ಎಂದ ಶಫೀಕುಲ್. ಮಾಡಿದ. ಕೂಡಲೇ ಎತ್ತಿದರು.

"ಯಾರಯ್ಯಾ ನೀನು, ಮನುಷ್ಯನಾ? ಬಂದು ಕಾರು ತೆಗಿ!" ಎಂದು ರಾಫತ್ ಅಬ್ಬರಿಸಿದ.

"ಬಿಳಿ ಕಾರಾ? ಸಣ್ಣದು? ಬಾಗಿಲ ಮೇಲೆ ಒಂದು ತಗ್ಗು ಇದೆಯಾ?" ಆ ಕಡೆಯ ಗಂಡಸಿನ ದನಿಯಲ್ಲಿ ಹಬ್ಬದ ಸಂಭ್ರಮವಿತ್ತು. "ಅಯ್ಯೋ, ನನ್ನ ಕಾರು! ಹೇಗಿದೆ ಅದು?"

ಅವನ ಹೆಸರು ಗುಲ್ ಜಮಾನ್. ಮೂವತ್ತೊಂದು ವರ್ಷ ಶಾರ್ಜಾದಲ್ಲಿ ಟೈಲ್ಸ್ ಹಾಕಿ, ಹೋದ ವರ್ಷ ಎಲ್ಲ ಮಾರಿ ಸ್ವಾತ್ ಕಣಿವೆಯ ತನ್ನ ಹಳ್ಳಿಗೆ ಸೇರಿದ್ದ. ಇಲ್ಲಿದ್ದಾಗ ಹಳ್ಳಿಯದೇ ಧ್ಯಾನ. ಈಗ ಹೊಳೆಯ ದಂಡೆಯಲ್ಲಿ ಕೂತು ಶಾರ್ಜಾದ ಧ್ಯಾನ.

"ಎಲ್ಲಿ ನಿಂತಿದೀರಿ? ಸಿನಿಮಾ ಟಾಕೀಸಿನ ಹಿಂದಾ?"

"ಟಾಕೀಸ್ ಕೆಡವಿ ಎಂಟು ವರ್ಷ ಆಯ್ತು."

"ಹೌದೌದು, ಅದರ ಹಿಂದೇನೇ. ಅಲ್ಲಿ ಬೀರಾನ್ ಇದಾನಾ? ಫೋನ್ ಕೊಡಿ, ಫೋನ್ ಕೊಡಿ."

ಬೀರಾನ್ ಫೋನು ತೆಗೆದುಕೊಂಡು ನೆರಳಿಗೆ ಹೋದ. ಇಬ್ಬರೂ ಯಾರು ಸತ್ತರು, ಯಾರು ಊರಿಗೆ ಹೋದರು, ಯಾವ ಕಟ್ಟಡ ಬಿತ್ತು ಎಂದು ಮಾತಾಡಿದರು. ಬೀರಾನ್ ಕಣ್ಣೊರೆಸಿಕೊಂಡ. ರಾಫತ್ ಗಡಿಯಾರ ನೋಡುತ್ತ ಸುತ್ತು ಹಾಕಿದ. ಅವನಿಗೆ ಆ ಮುದುಕನ ಮೇಲೆ ಸಿಟ್ಟಿನ ಜೊತೆ ಹೊಟ್ಟೆಕಿಚ್ಚೂ ಆಯಿತು. ಹೊಳೆಯ ದಂಡೆಯಲ್ಲಿ ಕೂತಿದ್ದಾನೆ, ಕಾರು ನಿಲ್ಲಿಸುವ ಚಿಂತೆಯಿಲ್ಲ, ಆದರೂ ಅಳುತ್ತಾನೆ. ಕೊನೆಗೆ ಸಿಕ್ಕಿದ್ದು ಇಷ್ಟು: ಕಾರನ್ನು ಅವನು ಮಾರಿಸೆಲ್ ಎಂಬ ಫಿಲಿಪ್ಪೀನ್ಸಿನ ನರ್ಸಮ್ಮನಿಗೆ ಮಾರಿದ್ದ. ಅವಳ ನಂಬರೂ ಕೊಟ್ಟ.

ಮಾರಿಸೆಲ್ ಎತ್ತಲಿಲ್ಲ. ಡ್ಯೂಟಿಯಲ್ಲಿರಬೇಕು.

"ಪೊಲೀಸರಿಗೆ ಹೇಳು. ಅದಕ್ಕೆ ಅಂತಾನೇ ನಂಬರ್ ಇದೆ," ಎಂದ ತಿಜಾನಿ.

ರಾಫತ್ ಪೊಲೀಸರಿಗೆ ಫೋನು ಮಾಡಿ ಎರಡೂ ಗಾಡಿಗಳ ನಂಬರು ಹೇಳಿದ. ಕಾರಿನ ಮಾಲೀಕರಿಗೆ ಈಗಲೇ ತಿಳಿಸುತ್ತೇವೆ ಎಂದು ಅವರು ವಿನಯದಿಂದ ಹೇಳಿದರು. ಫೋನು ಇಡುತ್ತಿದ್ದಂತೆ ರಾಫತ್‌ಗೇ ಒಂದು ಸಂದೇಶ ಬಂತು: 'ನಿಮ್ಮ ವಾಹನ ಇನ್ನೊಬ್ಬರಿಗೆ ಅಡ್ಡಿಯಾಗಿದೆ. ಕೂಡಲೇ ತೆರವು ಮಾಡಿ.'

"ನೋಡು ಹಾಜ್, ನೋಡು! ಕಂಪ್ಯೂಟರಿಗೂ ತಲೆ ಕೆಟ್ಟಿದೆ. ದೂರು ಕೊಟ್ಟವನಿಗೇ ನೋಟೀಸು!"

"ಬಿಸಿಲಿಗೆ ಹಾಗಾಗುತ್ತೆ," ಎಂದ ತಿಜಾನಿ.

ರಾಫತ್ ಮತ್ತೆ ಫೋನು ಮಾಡಿದ. ಈ ಸಲ ಮನ್ಸೂರಾದ ಗಂಟಲೇ ಹೊರಬಂತು. "ನನಗಲ್ಲ ಸ್ವಾಮಿ, ಅವನಿಗೆ ಕಳಿಸಿ! ನೋಟೀಸೂ ಬೇಡ, ಲಾರಿ ಕಳಿಸಿ, ಎಳೆದುಕೊಂಡು ಹೋಗಿ. ಅಂಥವನಿಗೆ ಹೆಂಡತಿ ಮಕ್ಕಳು ಬೇರೆ ಇರ್ತಾರೆ ನೋಡಿ, ಪಾಪ, ಎಂಥವನನ್ನ ಕಟ್ಕೊಂಡ್ರೋ ಏನೋ. ಕೈ ಮುಗಿದು ಬೇಡಿಕೊಂಡ್ರೂ ಬಿಡಬೇಡಿ ಅವನನ್ನ!"

ಸುತ್ತ ನಿಂತವರು ಮೆಚ್ಚಿ ತಲೆಯಾಡಿಸಿದರು. ಇಷ್ಟು ಚೆನ್ನಾಗಿ ಬೈಯಬಲ್ಲನೆಂದು ಯಾರಿಗೂ ಗೊತ್ತಿರಲಿಲ್ಲ.

ಎರಡೂವರೆಯ ಹೊತ್ತಿಗೆ ಮಾರಿಸೆಲ್ ತಾನಾಗಿಯೇ ಕರೆ ಮಾಡಿದಳು. ರಾಫತ್ ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ.

"ಆ ಕಾರು ನಿನ್ನೆ ಸಂಜೆ ಕೊಟ್ಬಿಟ್ಟೆ ಸಾರ್. ಒಬ್ರು ಟೀಚರ್ ತಗೊಂಡ್ರು. ತುಂಬ ಒಳ್ಳೆಯವರು, ಈಜಿಪ್ಟಿನವರು. ಅವರ ಗುರುತಿನ ಚೀಟಿ ಹೊಸದು ಬರಬೇಕಂತೆ, ಅದಕ್ಕೇ ಗಂಡನ ಹೆಸರಿಗೆ ಮಾಡಿಸಿದ್ರು. ಗಂಡನ ಫೋನಿಗೆ ಬಂದ ನಂಬರು ಕೇಳಿ ಹಾಕಿದ್ರು, ಐದು ನಿಮಿಷದಲ್ಲಿ ಆಗೋಯ್ತು."

"ಟೀಚರ್ ಹೆಸರು?" ರಾಫತ್‌ನ ದನಿ ಇಳಿದಿತ್ತು.

"ನಜ್ವಾ ಅಂತ. ಗಂಡನ ಹೆಸರು ತಡೀರಿ... ರಾಫತ್. ನಿಮಗೇನಾದ್ರೂ ಪರಿಚಯನಾ?"

ಹಿಂದಿನ ಸಂಜೆ ಗೋಪುರದ ಮೇಲಿನ ಮಹಡಿಯ ಕಟಕಟೆ ಅಂಟಿಸುತ್ತ ಕೂತಿದ್ದಾಗ, 'ನಿಮ್ಮ ಫೋನಿಗೆ ಒಂದು ನಂಬರು ಬಂದಿರುತ್ತೆ, ಹೇಳ್ರೀ' ಎಂದು ಹೆಂಡತಿ ಎಲ್ಲಿಂದಲೋ ಫೋನು ಮಾಡಿ ಕೇಳಿದ್ದು, ತಾನು ಚಿಮಟ ಬಿಡದೆ ಹೇಳಿದ್ದು ರಾಫತ್‌ಗೆ ನೆನಪಾಯಿತು. ನಜ್ವಾಗೆ ಕರೆ ಮಾಡಿದ. ಫೋನು ಆಫ್ ಆಗಿತ್ತು. ಶಾಲೆಯಲ್ಲಿ ಟೀಚರುಗಳು ಫೋನು ಬಳಸುವಂತಿಲ್ಲ, ಅವಳು ಅದನ್ನು ಮನೆಗೆ ಬಂದ ಮೇಲೇ ಆನ್ ಮಾಡುತ್ತಿದ್ದಳು.

"ಹಾಗಾದ್ರೆ ಈಗ ಮುಟ್ಟಬಹುದು," ಎಂದು ಶಫೀಕುಲ್ ತೋಳು ಮಡಿಸಿದ.

ಅಷ್ಟರಲ್ಲಿ ಪೊಲೀಸ್ ಕಾರು ಬಂತು, ಅದರ ಬೆನ್ನಿಗೇ ಎಳೆಯುವ ಲಾರಿ. ಇಳಿದ ಅಧಿಕಾರಿ ಎಳೆಯ ಪ್ರಾಯದವನು, ಬಹಳ ಮರ್ಯಾದಸ್ಥ.

"ದೂರು ಕೊಟ್ಟವರು ಯಾರು?"

"ನಾನು."

"ಕಾರಿನ ಮಾಲೀಕರು ಸಿಕ್ಕಿದ್ರಾ?"

"ಸಿಕ್ಕಿದ್ರು." ರಾಫತ್ ಒಂದು ಹೆಜ್ಜೆ ಮುಂದೆ ಬಂದ. "ಅದೂ ನಾನೇ."

ಅಧಿಕಾರಿ ಕೈಯಲ್ಲಿದ್ದ ಯಂತ್ರವನ್ನು ನೋಡಿದ, ರಾಫತ್‌ನನ್ನು ನೋಡಿದ, ಮತ್ತೆ ಯಂತ್ರವನ್ನು ನೋಡಿದ. "ಇಬ್ರೂ ಕೂತು ರಾಜಿ ಮಾಡ್ಕೊಳ್ಳೋಕೆ ಆಗ್ಲಿಲ್ವಾ?"

"ಆಗಿದೆ ಸ್ವಾಮಿ. ದೂರು ವಾಪಸ್ ತಗೋತೀನಿ, ಕೈ ಮುಗೀತೀನಿ."

"ಅದೇ ತೊಂದರೆ. ಕೈ ಮುಗಿದು ಬೇಡಿಕೊಂಡ್ರೂ ಬಿಡಬೇಡಿ ಅಂತ ನೀವೇ ಹೇಳಿದೀರಿ, ರೆಕಾರ್ಡ್ ಆಗಿದೆ. ಅದನ್ನ ಕೇಳಿ ಮನಸ್ಸು ಕರಗಿ ನಮ್ಮ ಸಾಹೇಬ್ರೇ ಲಾರಿ ಕಳಿಸಿದ್ರು. ಖಾಲಿ ಹೋದ್ರೆ ನಾನು ಉತ್ತರ ಹೇಳ್ಬೇಕು."

ಲಾರಿಯವನು ಬಿಳಿ ಕಾರಿಗೆ ಕೊಂಡಿ ಹಾಕಿ ಹಿಂದಕ್ಕೆ ಎಳೆದ. ಜೀಪಿನ ಹಿಂಬಾಗಿಲು ಬಯಲಾಯಿತು. ಅಸರ್‌ಗೆ ಇನ್ನೂ ಹೊತ್ತಿತ್ತು. ಹೆದ್ದಾರಿ ಕೃಪೆ ಮಾಡಿದರೆ ತಲುಪಬಹುದಿತ್ತು. ರಾಫತ್‌ನ ಮುಖಕ್ಕೆ ರಕ್ತ ವಾಪಸು ಬರುತ್ತಿತ್ತು.

"ತಮ್ಮಾ," ಎಂದ ತಿಜಾನಿ ಮೆಲ್ಲಗೆ, "ಆ ಕಡೆ ನೋಡು."

ಬೀದಿಯ ತುದಿಯಲ್ಲಿ ಹಳದಿ ಸ್ಕೂಲ್ ಬಸ್ಸು ತಿರುಗಿತು. ಮೂರು ಕಟ್ಟಡಗಳ ಮಕ್ಕಳನ್ನು ಇಳಿಸಿ ಅದು ಇಲ್ಲಿಗೆ ಬರುತ್ತದೆ. ಅದರಲ್ಲಿ ನಜ್ವಾ ಇರುತ್ತಾಳೆ. ನಿನ್ನೆ ಕೊಂಡ ಕಾರು ಲಾರಿಯ ಕೊಂಡಿಗೆ ನೇತಾಡುತ್ತಿರುವುದನ್ನು ನೋಡುತ್ತಾಳೆ. ದೂರು ಕೊಟ್ಟವರು ಯಾರು ಎಂದು ಕೇಳುತ್ತಾಳೆ. ಉತ್ತರ ಹೇಳಲು ಮೂವರು ಚಹಾ ಕುಡಿಯುತ್ತ ಕಾದಿದ್ದಾರೆ.

ರಾಫತ್ ಅಧಿಕಾರಿಯ ಕೈ ಹಿಡಿದುಕೊಂಡ. "ಸ್ವಾಮಿ, ನಿಮಗೆ ಬೇಕಾದ್ದು ರಾಫತ್‌ನ ಗಾಡಿ ತಾನೇ? ಈ ಜೀಪೂ ರಾಫತ್‌ದೇ. ಇದನ್ನ ತಗೊಂಡ್ ಹೋಗಿ. ಅದನ್ನ ಇಲ್ಲಿ ಇಟ್ಬಿಡಿ. ಬೇಗ, ದಮ್ಮಯ್ಯ!"

ಅಧಿಕಾರಿ ಯೋಚಿಸಿದ. ಅವನಿಗೂ ಮದುವೆಯಾಗಿತ್ತೆಂದು ಕಾಣುತ್ತದೆ. "ಎರಡೂ ನಿಮ್ಮದೇ. ಯಾವುದು ಯಾವುದಕ್ಕೆ ಅಡ್ಡ ಅಂತ ನೀವೇ ಹೇಳ್ಬೇಕು."

"ಜೀಪೇ ಅಡ್ಡ. ಹದಿನಾಲ್ಕು ವರ್ಷದಿಂದ ಅಡ್ಡ."

ಲಾರಿಯವನು ಚುರುಕಿನವನು. ಜೀಪನ್ನು ಎಳೆದು ಮೇಲೇರಿಸಿ, ಆ ಜಾಗದಲ್ಲಿ ಬಿಳಿ ಕಾರನ್ನು ಅಂದವಾಗಿ ಕೂರಿಸಿದ. "ನಾಳೆ ಬೆಳಿಗ್ಗೆ ಯಾರ್ಡಿಗೆ ಬಂದು ಬಿಡಿಸ್ಕೊಳ್ಳಿ. ಇವತ್ತು ಮುಚ್ಚಿತು," ಎಂದು ಅಧಿಕಾರಿ ಸಲಾಂ ಹೇಳಿ ಹೊರಟ. ಲಾರಿ ಆ ಮೂಲೆಯಲ್ಲಿ ಮರೆಯಾಗುವುದಕ್ಕೂ ಬಸ್ಸು ಈ ಕಡೆ ನಿಲ್ಲುವುದಕ್ಕೂ ಸರಿಹೋಯಿತು. ರಾಫತ್ ನಿಟ್ಟುಸಿರು ಬಿಟ್ಟು ಬೆವರು ಒರೆಸಿಕೊಂಡ.

ನಜ್ವಾ ಇಳಿದಳು. ಗೋಡೆಯ ಪಕ್ಕದಲ್ಲಿ ಒಂಟಿಯಾಗಿ ಮೆರೆಯುತ್ತಿದ್ದ ಕಾರನ್ನೂ ಅದರ ಮುಂದೆ ನಿಂತ ಗಂಡನನ್ನೂ ನೋಡಿ ಅವಳ ಮುಖ ಅರಳಿತು.

"ಗೊತ್ತಾಗೋಯ್ತಾ? ಸಂಜೆ ಹೇಳೋಣ ಅಂತಿದ್ದೆ. ಐದನೇ ಸಲಾನೂ ಫೇಲ್ ಅಂದಿದ್ದೆನಲ್ಲ, ಸುಳ್ಳು. ಲೈಸೆನ್ಸ್ ಸಿಕ್ತು. ಇವತ್ತು ನಿಮ್ಮನ್ನ ವ್ಯಾನಲ್ಲಿ ಕರ್ಕೊಂಡ್ ಹೋಗ್ತಾರೆ ಅಂದ್ರಲ್ಲ, ಅದಕ್ಕೇ ಬೆಳಿಗ್ಗೆ ಸ್ಕೂಲಿಗೆ ಹೋಗೋ ಮೊದಲು ಧೈರ್ಯವಾಗಿ ನಿಮ್ಮ ಹಿಂದೆ ತಂದು ನಿಲ್ಲಿಸಿದೆ. ರಾತ್ರಿಯೆಲ್ಲ ಜಾಗ ಹುಡುಕಿ ಸುಸ್ತಾಗಿ ಬರ್ತೀರಲ್ಲ ರೀ, ನೋಡೋಕಾಗಲ್ಲ ನಂಗೆ. ಇನ್ಮೇಲೆ ನಾನೇ ಬಿಟ್ಟು ಬರ್ತೀನಿ. ಎಲ್ಲಿಗೆ ಹೋಗ್ಬೇಕು ಹೇಳಿ, ಈಗಲೇ ಹೊರಡೋಣ."

ರಾಫತ್‌ನ ಕಣ್ಣು ತುಂಬಿತು. ಇಂಥ ಹೆಂಡತಿಗೆ ತಾನು ಪೊಲೀಸರ ಕಿವಿಯಲ್ಲಿ ಪಾಪ ಅಂದದ್ದು ಸುಳ್ಳಲ್ಲ ಅನ್ನಿಸಿತು. ಅವಳು ಅವನ ತೋಳು ಹಿಡಿದು ಸುತ್ತ ನೋಡಿದಳು.

"ಅಂದ ಹಾಗೆ, ಜೀಪೆಲ್ಲಿ?"

ರಾಫತ್ ಬಾಯಿ ತೆರೆದ. ಆಗಲೇ ಫೋನು ಬಂತು. ಇನ್ನೂ ಸ್ಪೀಕರಿನಲ್ಲೇ ಇತ್ತು.

"ಎಲ್ಲಾ ಬಂದು ಕೂತಿದಾರೆ ರಾಫತ್," ಎಂದಿತು ಘಸ್ಸಾನನ ದನಿ. "ಗೋಪುರದ ತಲೆ ಎಲ್ಲಿ?"