ಹತ್ತಕ್ಕೆ ಮೂರು ಅಂಕ ಪಡೆದ ಗಿರಾಕಿ

ಮಾನ್ಯ ಕ್ಯಾಪ್ಟನ್ ಅವರೇ,

ತಮ್ಮನ್ನು ಹೀಗೆ ಕರೆಯುವುದು ಸರಿಯೋ ತಪ್ಪೋ ತಿಳಿಯದು. ತಾವು ಹಡಗಿನಲ್ಲಾಗಲಿ ಸೇನೆಯಲ್ಲಾಗಲಿ ಇದ್ದವರಲ್ಲವೆಂದು ಬಲ್ಲೆ. ಆದರೆ ಮನೆ ಮಾರಿಸಿಕೊಡುವ ತಮ್ಮ ಕಚೇರಿಯಲ್ಲಿ ಎಲ್ಲರೂ ತಮ್ಮನ್ನು ಹಾಗೆಯೇ ಕರೆಯುವುದರಿಂದ, ಮತ್ತು ಹಾಗೆ ಕರೆಯದವರ ಫೋನು ತಮ್ಮವರೆಗೆ ತಲುಪುವುದಿಲ್ಲವಾದ್ದರಿಂದ, ಈ ಬಹಿರಂಗ ಪತ್ರದಲ್ಲೂ ಅದೇ ರೂಢಿಯನ್ನು ಪಾಲಿಸುತ್ತಿದ್ದೇನೆ. ತಾವೂ ತಮ್ಮ ಹದಿನಾರು ಮಂದಿಯ ತಂಡವೂ ಕ್ಷೇಮವೆಂದು ನಂಬುತ್ತೇನೆ. ಹದಿನಾರು ಎಂಬುದು ಹಿಂದಿನ ಶನಿವಾರದ ಎಣಿಕೆ. ಇಷ್ಟರಲ್ಲಿ ಹೆಚ್ಚಾಗಿದ್ದರೆ ಕ್ಷಮಿಸಬೇಕು.

ನಾನು ಯಾರೆಂದು ತಮಗೆ ನೆನಪಿರಲಾರದು. ಹಸಿರು ಗೇಟಿನ ಎರಡಂತಸ್ತಿನ ಮನೆಯ ದರ್ಜಿ. ನಮ್ಮ ಯಜಮಾನರು ನಿವೃತ್ತ ಬಸ್ ಕಂಡಕ್ಟರ್. ಮೂವತ್ತೊಂದು ವರ್ಷ ನಿಂತೇ ದುಡಿದ ಅವರ ಮಂಡಿಗಳು ಈಗ ಮೆಟ್ಟಿಲನ್ನು ಕಂಡರೆ ಮುಷ್ಕರ ಹೂಡುತ್ತವೆ. ನಮ್ಮ ಮನೆಯ ಬಚ್ಚಲಿರುವುದು ಮೇಲಿನ ಅಂತಸ್ತಿನಲ್ಲಿ. ಹಗಲೆಲ್ಲ ಅವರು ಕೆಳಗೆ ನಡುಮನೆಯ ಮಂಚದ ಮೇಲಿರುತ್ತಾರೆ. ದಿನಕ್ಕೆ ಮೂರು ಸಲ ನಾನು ಹಿಂದಿನಿಂದ ತಳ್ಳುತ್ತ, ಅವರು ಕಂಬಿ ಹಿಡಿದು ಎಳೆದುಕೊಳ್ಳುತ್ತ ಹದಿನೇಳು ಮೆಟ್ಟಿಲು ಹತ್ತುತ್ತೇವೆ. ನನ್ನ ತಂಗಿ ಇರುವ ಕಟ್ಟಡದಲ್ಲಿ ನೆಲಮಹಡಿಯ ಎರಡು ಕೋಣೆಯ ಮನೆಯೊಂದು ಖಾಲಿಯಾಗಿತ್ತು, ಅದರ ಮಾಲೀಕರು ಈ ತಿಂಗಳ ಕೊನೆಯವರೆಗೆ ನಮಗಾಗಿ ಕಾಯುವ ಮಾತು ಕೊಟ್ಟಿದ್ದರು. ಈ ಮನೆ ಮಾರಿದರೆ ಆ ಮನೆ ನಮ್ಮದು, ಇಲ್ಲವಾದರೆ ಇಲ್ಲ. ನಾನು ತಮ್ಮ ಬಳಿ ಬಂದದ್ದು ಇಷ್ಟಕ್ಕೇ.

ಮೊದಲ ಭೇಟಿಯಲ್ಲಿ ತಾವು ಆಡಿದ ಮಾತು ಈಗಲೂ ಕಿವಿಯಲ್ಲಿದೆ: "ಮನೆ ಮಾರೋದು ಏನ್ ಮಹಾ ಅಮ್ಮ, ಯಾರ್ ಬೇಕಾದ್ರೂ ಮಾರ್ತಾರೆ. ತಂಡ ಕಟ್ಟೋದಿದೆ ನೋಡಿ, ಅದು ಕಷ್ಟ." ನಾನು ತಲೆಯಾಡಿಸಿದೆ. ಕಷ್ಟದ ಕೆಲಸ ಮಾಡುವವರು ಸುಲಭದ್ದನ್ನು ಎಡಗೈಯಲ್ಲಿ ಮುಗಿಸಿಬಿಡುತ್ತಾರೆಂದು ಭಾವಿಸಿದ್ದು ನನ್ನ ತಪ್ಪು.

ತಮ್ಮ ತಂಡವನ್ನು ಹೊಗಳಲು ಪದಗಳಿಲ್ಲ, ಆದರೆ ಅವರ ಹುದ್ದೆಗಳಲ್ಲಿ ಪದಗಳಿಗೆ ಕೊರತೆಯಿಲ್ಲ. ಭೇಟಿ ಸಂಯೋಜಕರು, ಭೇಟಿ ಸಂಯೋಜಕರ ಮಾರ್ಗದರ್ಶಕರು, ಗಿರಾಕಿ ಬಾಂಧವ್ಯದ ಮುಖ್ಯಸ್ಥರು, ಉತ್ಸಾಹದ ಉಸ್ತುವಾರಿ. ವೆಬ್‌ಸೈಟಿನಲ್ಲಿ ನಮ್ಮ ಮನೆಯ ಫೋಟೋ ತಲೆಕೆಳಗಾಗಿದೆಯೆಂದು ನಾನು ತಿಳಿಸಿದಾಗ ಐದು ಮಂದಿ ಐದು ದಿನ ಫೋನು ಮಾಡಿ, ಆ ದೂರು ಈಗ ಯಾರ ಬಳಿ ಇದೆಯೆಂದು ನನ್ನನ್ನೇ ವಿಚಾರಿಸಿದರು. ಆರನೆಯ ದಿನ ಫೋಟೋ ನೆಟ್ಟಗಾಯಿತು. ಅದರಲ್ಲಿದ್ದ ಮನೆ ಮಾತ್ರ ಬೇರೆ ಯಾರದೋ ಆಗಿತ್ತು. ಹತ್ತು ಜನಕ್ಕೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಎನ್ನುತ್ತಾರೆ. ಹತ್ತು ಜನ ಹೊತ್ತರೆ ಹುಲ್ಲುಕಡ್ಡಿಯೂ ಊರು ಸೇರುವುದಿಲ್ಲವೆಂದು ತೋರಿಸಿಕೊಟ್ಟ ಕೀರ್ತಿ ತಮ್ಮದು. ಮೂರು ತಿಂಗಳಾದರೂ ಮನೆ ಏಕೆ ಹೋಗಲಿಲ್ಲವೆಂದು ಕೇಳಿದ್ದಕ್ಕೆ ನಾಲ್ಕು ಪುಟದ ವರದಿ ಬಂತು. ಅದರ ಸಾರ, ನಮ್ಮ ನಡುಮನೆಯ ನೆಲ ವಾಲಿದೆ ಎಂಬುದು. ನಾನು ದಾರದ ಉಂಡೆಯೊಂದನ್ನು ನೆಲದ ಮೇಲಿಟ್ಟು ಅರ್ಧ ದಿನ ನೋಡಿದೆ. ಅದು ಅಲುಗಲಿಲ್ಲ. ಕುಣಿಯಲಾರದವರಿಗೆ ನೆಲ ಡೊಂಕಾಗಿ ಕಾಣುವುದು ಸಹಜವೆಂದು ವರದಿಯನ್ನು ಮಡಿಸಿಟ್ಟೆ.

ಇನ್ನು ಶನಿವಾರಗಳ ವಿಷಯ. ನಮ್ಮ ಮನೆಗೆ ಗಿರಾಕಿಗಳು ಬಾರದಿದ್ದರೂ ಅದು ಅಭ್ಯಾಸಕ್ಕೆ ಬಹಳ ಅನುಕೂಲವಾಗಿದೆಯೆಂದು ಕಂಡುಹಿಡಿದವರು ತಾವೇ. ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ತಂಡದ ಅರ್ಧ ಜನ ಮನೆ ತೋರಿಸುವವರಾಗಿ, ಉಳಿದರ್ಧ ಕೊಳ್ಳುವವರಾಗಿ ಬರತೊಡಗಿದರು. ಕೊಳ್ಳುವವರಿಗೆಲ್ಲ ತಾವೊಂದು ಪಾತ್ರದ ಚೀಟಿ ಕೊಡುತ್ತಿದ್ದಿರಿ: ಎಲ್ಲಕ್ಕೂ ಅನುಮಾನಪಡುವ ಭಾವಮೈದುನ, ಹೆಂಡತಿಯನ್ನು ಕೇಳಿ ಹೇಳುವ ಗಂಡ, ಏನೂ ಮಾತಾಡದ ಅತ್ತೆ. ಈ ಅತ್ತೆಯ ಪಾತ್ರ ಸಿಕ್ಕಿದ ದಪ್ಪ ಮೀಸೆಯ ಗಂಡಸೊಬ್ಬರು ನಮ್ಮ ಯಜಮಾನರ ಮಂಚದ ತುದಿಯಲ್ಲಿ ಕುಳಿತು ನಲವತ್ತು ನಿಮಿಷ ಅವರನ್ನೇ ದುರುಗುಟ್ಟಿ ನೋಡಿದರು. ನನ್ನ ಸ್ವಂತ ಅತ್ತೆಯೂ ಇಷ್ಟು ಮನಸ್ಸಿಟ್ಟು ಈ ಕೆಲಸ ಮಾಡಿರಲಿಲ್ಲ. ಮಾಲೀಕರು ಕಣ್ಣಿಗೆ ಬಿದ್ದರೆ ಕೊಳ್ಳುವವರಿಗೆ ಮುಜುಗರವೆಂಬ ತಮ್ಮ ನಿಯಮದಂತೆ ನಾನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಗುಂಡಿ ಹೊಲಿಯುತ್ತಿದ್ದೆ. ನಮ್ಮ ಯಜಮಾನರನ್ನು ಎತ್ತಿ ಸಾಗಿಸುವುದು ಸಾಧ್ಯವಿಲ್ಲದ್ದರಿಂದ ಅವರನ್ನು ಪೀಠೋಪಕರಣವೆಂದು ಪರಿಗಣಿಸಲಾಯಿತು. ಅವರಿಗೆ ಬೇಸರವೇನೂ ಆಗಲಿಲ್ಲ. ಮೆಟ್ಟಿಲ ಬಳಿ ಜನ ಕಿಕ್ಕಿರಿದಾಗಲೆಲ್ಲ ಹಳೆಯ ಅಭ್ಯಾಸಬಲದಿಂದ, "ಮುಂದೆ ನಡೀರಿ, ಮುಂದೆ ನಡೀರಿ, ಮೇಲೆ ಜಾಗ ಖಾಲಿ ಇದೆ" ಎಂದು ಅವರು ಕೂಗುತ್ತಿದ್ದುದು ಹಿತ್ತಲಿಗೂ ಕೇಳುತ್ತಿತ್ತು. ಮೂರು ತಿಂಗಳಲ್ಲಿ ನಮ್ಮ ಮನೆಯನ್ನು ಯಾರಾದರೂ ಕ್ರಮಬದ್ಧವಾಗಿ ತೋರಿಸಿದ್ದರೆ ಅದು ಅವರೊಬ್ಬರೇ.

ಹಿಂದಿನ ಶನಿವಾರ ನಮ್ಮ ಗೇಟಿನ 'ಮಾರಾಟಕ್ಕಿದೆ' ಬೋರ್ಡು ಕಂಡು ಹೆಂಗಸೊಬ್ಬರು ಒಳಗೆ ಬಂದರು. ಆಂಬುಲೆನ್ಸ್ ಓಡಿಸುವವರು, ಪಾಳಿ ಮುಗಿಸಿ ಹೋಗುತ್ತಿದ್ದವರು. ವಾರಕ್ಕೆ ಇಬ್ಬರಂತೆ ಜನರನ್ನು ಸೇರಿಸಿಕೊಳ್ಳುವ ತಮಗೆ ತಮ್ಮವರ ಮುಖಗಳ ಗುರುತು ಹತ್ತದಿರುವುದು ತಪ್ಪಲ್ಲ. ಅವರೂ ಹೊಸಬರೆಂದುಕೊಂಡು, "ಚೀಟಿ ಮರೆತು ಬಂದ್ರಾ? ಪರವಾಗಿಲ್ಲ, ಶುರು ಮಾಡಿ" ಎಂದಿರಂತೆ. ಅವರು ಶುರು ಮಾಡಿದರು. ಮನೆ ಸುತ್ತಿ ಬಂದು, "ನಂಗೆ ಇಷ್ಟ ಆಯ್ತು. ಯಾರ ಹತ್ರ ಮಾತಾಡ್ಬೇಕು?" ಎಂದರು. ಆಗ ತಾವು ಚಪ್ಪಾಳೆ ತಟ್ಟಿ ಹದಿನಾರು ಮಂದಿಯನ್ನೂ ಸುತ್ತ ನಿಲ್ಲಿಸಿ, "ನೋಡಿ, ಎಲ್ಲರೂ ಮಾಡೋ ತಪ್ಪು ಇದೇ. ನಿಜವಾದ ಗಿರಾಕಿ ಯಾವತ್ತೂ ಹೀಗೆ ಮಾತಾಡಲ್ಲ" ಎಂದು ವಿವರಿಸಿದಿರಿ. "ಇಲ್ಲ ಸಾರ್, ನಂಗೆ ನಿಜವಾಗ್ಲೂ ಮನೆ ಬೇಕು" ಎಂದು ಅವರು ಹೇಳಿದ್ದಕ್ಕೆ, "ಹಾಂ, ದನಿ ಈಗ ಸ್ವಲ್ಪ ಪರವಾಗಿಲ್ಲ, ಆದ್ರೂ ನಂಬೋ ಹಾಗಿಲ್ಲ" ಎಂದು ಹತ್ತಕ್ಕೆ ಮೂರು ಅಂಕ ಕೊಟ್ಟು, ಹಾಳೆಯಲ್ಲಿ ಹೆಸರು, ಫೋನ್ ನಂಬರು ಬರೆಸಿಕೊಂಡು ಕಳುಹಿಸಿದಿರಿ. ಮೀಸೆಯ ಅತ್ತೆಗೆ ಎಂಟು ಸಿಕ್ಕಿತ್ತೆಂದು ಕೇಳಿದೆ.

ತಾವೆಲ್ಲ ಹೊರಟ ಮೇಲೆ ನಾನು ಒಳಗೆ ಬಂದೆ. ಯಜಮಾನರು ಮಂಚದ ಮೇಲೆ ನೆಟ್ಟಗೆ ಕುಳಿತಿದ್ದರು. "ಆ ಹೆಂಗಸು ಸುಳ್ಳು ಗಿರಾಕಿ ಅಲ್ಲ ಕಣೇ" ಎಂದರು. ಹೇಗೆ ಗೊತ್ತು ಎಂದರೆ, "ನಲ್ಲಿ ತಿರುಗಿಸಿ ನೋಡಿದ್ಳು. ಬೀರು ಪಕ್ಕಕ್ಕೆ ಸರಿಸಿ ಗೋಡೆ ತಟ್ಟಿದ್ಳು. ಮೂರು ತಿಂಗಳಿಂದ ಬಂದು ಹೋದ ದಂಡಲ್ಲಿ ಒಬ್ಬರಾದ್ರೂ ಒಂದು ನಲ್ಲಿ ತಿರುಗಿಸಿದ್ರಾ? ಟಿಕೆಟ್ ತಗೊಳ್ಳೋರ ಮುಖ ಯಾವ್ದು, ತಗೊಳ್ದೆ ಇಳಿಯೋರ ಮುಖ ಯಾವ್ದು ಅಂತ ನಂಗೆ ಹೇಳ್ಕೊಡ್ಬೇಡ" ಎಂದರು. ಅಂಕಗಳ ಹಾಳೆ ತಾವು ಬಿಟ್ಟುಹೋದಲ್ಲೇ, ನನ್ನ ಹೊಲಿಗೆ ಯಂತ್ರದ ಮೇಲಿತ್ತು. ನಾನು ಫೋನು ಮಾಡಿದೆ. "ಫೇಲ್ ಮಾಡಿದ್ದಾಯ್ತಲ್ಲ, ಇನ್ನೇನು ಬೇಕು ನಿಮಗೆ?" ಎಂದು ಅವರು ಫೋನಿಟ್ಟರು. ಎರಡನೆಯ ಸಲವೂ ಇಟ್ಟರು. ಮೂರನೆಯ ಸಲ ನಾನು ಬೇರೇನೂ ಹೇಳದೆ, ಅಡುಗೆಮನೆಯ ನಲ್ಲಿ ಚಳಿಗಾಲದಲ್ಲಿ ತೊಟ್ಟಿಕ್ಕುತ್ತದೆ, ವಾಷರ್ ಬದಲಿಸಬೇಕು ಎಂದೆ. ಈ ಸಲ ಅವರು ಫೋನಿಡದೆ, "ಸೋಮವಾರ ಬೆಳಿಗ್ಗೆ ಬರ್ಲಾ ಅಕ್ಕ?" ಎಂದರು.

ಬಂದರು. ಅಡುಗೆಮನೆಯ ಮೇಜಿನ ಮೇಲೆ ಇಪ್ಪತ್ತು ನಿಮಿಷದಲ್ಲಿ ಮಾತು ಮುಗಿಯಿತು. ಅದರಲ್ಲೂ ಎಂಟು ನಿಮಿಷ ಅವರು ಮೇಲಿನ ಕಿಟಕಿಗಳ ಅಳತೆ ತೆಗೆದುಕೊಂಡಿದ್ದರು. ತಮ್ಮೊಂದಿಗಿನ ಒಪ್ಪಂದದ ಅವಧಿ ಹಿಂದಿನ ದಿನವೇ ಮುಗಿದಿತ್ತೆಂಬುದನ್ನು ವಿನಯದಿಂದ ತಿಳಿಸಬಯಸುತ್ತೇನೆ. ಅದನ್ನು ನವೀಕರಿಸಲು ನೆನಪಿಸುವ ಕೆಲಸಕ್ಕೆ ತಾವು ಮೂವರನ್ನು ನೇಮಿಸಿದ್ದೀರಂತೆ. ಪ್ರತಿಯೊಬ್ಬರೂ ಉಳಿದಿಬ್ಬರಿಗೆ ನೆನಪಿಸಿದ್ದಾರೆ.

ನನ್ನ ಬೇಡಿಕೆಗಳು ಕೆಲವೇ. ಮೂರು ತಿಂಗಳ ಸೇವೆಗಾಗಿ ನಮ್ಮ ಮನೆಗೆ ತಮ್ಮ ಲೆಟರ್‌ಹೆಡ್ಡಿನಲ್ಲಿ ಒಂದು ಅನುಭವ ಪತ್ರ ದಯಪಾಲಿಸಬೇಕು. ಪೀಠೋಪಕರಣವೊಂದು ತಂಡದ ಏಕೈಕ ಮಾರಾಟ ಸಾಧಿಸಿದ ಬಗ್ಗೆ ಬೆಳಗಿನ ಸಭೆಯಲ್ಲಿ ಎರಡು ಒಳ್ಳೆಯ ಮಾತು ಆಡಬೇಕು. ತಾವು ತೆರೆಯಲಿರುವ ಎರಡನೆಯ ಶಾಖೆಯಲ್ಲಿ, ಸಾಧ್ಯವಾದರೆ, ಯಾವ ಹುದ್ದೆಯೂ ಇಲ್ಲದ ಒಬ್ಬರನ್ನು ಇಟ್ಟುಕೊಳ್ಳಬೇಕು. ಯಾರಾದರೂ ಬಾಗಿಲು ತಟ್ಟಿದರೆ ಅವರು ಎದ್ದು ಹೋಗಿ ತೆಗೆದರೆ ಸಾಕು.

ಬುಧವಾರ ಯಜಮಾನರನ್ನು ಕರೆದುಕೊಂಡು ತಂಗಿಯ ಕಟ್ಟಡಕ್ಕೆ ಹೋಗಿದ್ದೆ. ಅವರು ಬಾಗಿಲಿಂದ ಮಲಗುವ ಕೋಣೆಗೆ, ಅಲ್ಲಿಂದ ಬಚ್ಚಲಿಗೆ, ಬಚ್ಚಲಿಂದ ಮತ್ತೆ ಬಾಗಿಲಿಗೆ, ಕೊನೆಯ ನಿಲ್ದಾಣ ಮುಟ್ಟಿ ಬರುವವರಂತೆ ನಾಲ್ಕು ಸಲ ನಡೆದರು. ಹಿಂದಿನಿಂದ ಯಾರೂ ತಳ್ಳಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ, ಕೈಗೆ ಕೆಲಸವಿಲ್ಲದೆ.

ಹದಿನೇಳು ಮೆಟ್ಟಿಲುಗಳ ಪರವಾಗಿಯೂ,
ತಮ್ಮ ವಿಶ್ವಾಸಿ,
ಮಾಜಿ ಮಾಲಕಿ, ಹಸಿರು ಗೇಟಿನ ಮನೆ

ಮರೆತ ಮಾತು: ಗೇಟಿನ ಬೋರ್ಡು ತೆಗೆಯಲು ತಾವು ಕಳುಹಿಸಿದ ನಾಲ್ವರು ನಿನ್ನೆ ಬಂದು, ಒಬ್ಬರನ್ನೊಬ್ಬರು ಅಭಿನಂದಿಸಿ, ಪಕ್ಕದ ಮನೆಯ ದಂತವೈದ್ಯರ ಬೋರ್ಡನ್ನು ಬಿಚ್ಚಿಕೊಂಡು ಹೋಗಿದ್ದಾರೆ. ವೈದ್ಯರು ಪತ್ರ ಬರೆಯುವ ಜಾಯಮಾನದವರಲ್ಲ. ಬರುವ ಗುರುವಾರ ಸಂಜೆ ನಾಲ್ಕಕ್ಕೆ ತಾವು ಅವರ ಬಳಿಯೇ ಕೀಳಿಸಿಕೊಳ್ಳಲಿರುವ ಹಲ್ಲು ಎಡಗಡೆಯದೋ ಬಲಗಡೆಯದೋ ಎಂದು ಅವರು ನನ್ನನ್ನು ಕೇಳಿದರು. ಅದನ್ನು ತಿಳಿಸುವ ಜವಾಬ್ದಾರಿ ತಮ್ಮ ತಂಡದಲ್ಲಿ ಯಾರದೋ ಇರಬೇಕು ಎಂದಿದ್ದೇನೆ.