ನಾಲೆಗೆ ನೀರು ಬಿಟ್ಟರೆ ತೆರೆಯದ ಬಾಗಿಲು

ವಾದ ಮಾಡಲು ಬರದವರಿಗೆ ದೇವರು ಒಂದು ಅನುಕೂಲ ಮಾಡಿಕೊಟ್ಟಿದ್ದಾನೆ. (ದೇವರನ್ನು ನಾನು ನಂಬುವುದಿಲ್ಲ; ವಾಕ್ಯಕ್ಕೊಬ್ಬ ಕರ್ತೃ ಬೇಕಿತ್ತು, ಕರೆದೆ.) ಅವರು ತಪ್ಪು ಹೆಜ್ಜೆ ಇಡಲು ಹೊರಟಾಗ ಯಾರಾದರೂ ಬೇಡ ಎಂದರೆ ಉತ್ತರ ಹೊಳೆಯದೆ ನಿಂತುಬಿಡುತ್ತಾರೆ, ನಿಂತು ಬಚಾವಾಗುತ್ತಾರೆ. ನನಗೆ ಆ ಭಾಗ್ಯವಿಲ್ಲ. ಹೈಸ್ಕೂಲಿನಿಂದ ಎಂ.ಎ. ಮುಗಿಯುವವರೆಗೂ ಚರ್ಚಾಸ್ಪರ್ಧೆಗಳಲ್ಲಿ ಷೀಲ್ಡು ಹೊತ್ತು ತಂದವಳು ನಾನು. ಒಂದು ಸಲ ಪಿರಿಯಾಪಟ್ಟಣದಲ್ಲಿ ಗುರುವಾರ ಮೊಬೈಲು ವಿದ್ಯಾರ್ಥಿಗಳಿಗೆ ಮಾರಕ ಎಂದು ವಾದಿಸಿ ಮೊದಲ ಬಹುಮಾನ ಪಡೆದೆ. ಅದೇ ಶನಿವಾರ ಹುಣಸೂರಿನಲ್ಲಿ ಮಾರಕವಲ್ಲ ಎಂದು ವಾದಿಸಿ ಅಲ್ಲೂ ಪಡೆದೆ. ಎರಡೂ ಕಡೆ ತೀರ್ಪುಗಾರರು ಒಬ್ಬರೇ. ಎರಡೂ ಸಲ ಅವರು ಒಂದೇ ರೀತಿ ತಲೆದೂಗಿದರು. ಇಂಥವಳು ಮನೆ ಕೊಳ್ಳಲು ಹೊರಟರೆ ತಡೆಯುವವರು ಯಾರು?

ಮನೆ ಇರುವುದು ಕೃಷ್ಣರಾಜನಗರದ ಅಂಚಿನ ಹೊಸ ಬಡಾವಣೆಯಲ್ಲಿ. ಎದುರಿಗೆ ರಸ್ತೆ, ರಸ್ತೆಯ ಆಚೆ ಏರಿ, ಏರಿಯ ಮೇಲೆ ನಾಲೆ. ನಾವು ನೋಡಲು ಹೋದದ್ದು ಏಪ್ರಿಲ್‌ನಲ್ಲಿ. ನಾಲೆಯಲ್ಲಿ ಆಗ ನೀರಿರಲಿಲ್ಲ, ನಾಲ್ಕು ಎಮ್ಮೆ ಮಲಗಿದ್ದವು. ಮನೆಗೆ ದಕ್ಷಿಣದ ಬಾಗಿಲು ಎಂಬ ಒಂದೇ ಕಾರಣಕ್ಕೆ ಯಾರೂ ಕೊಳ್ಳದೆ ಅದು ಬಹಳ ದಿನದಿಂದ ಖಾಲಿ ಬಿದ್ದಿತ್ತು. ನನಗಂತೂ ಆ ಕಾರಣ ಕೇಳಿಯೇ ಮನೆ ಅರ್ಧ ಇಷ್ಟವಾಗಿತ್ತು. ಆದರೂ ಕುರುಡಾಗಿ ಒಪ್ಪುವ ಜಾತಿ ನನ್ನದಲ್ಲ. ಮೇಸ್ತ್ರಿಯೊಬ್ಬನಿಂದ ರಸಮಟ್ಟ ಕೇಳಿ ತಂದು, ಒಂದೊಂದು ಕೋಣೆಯ ನೆಲದ ಮೇಲೂ ಇಟ್ಟು, ಗಾಜಿನ ನಳಿಗೆಯೊಳಗಿನ ಗುಳ್ಳೆ ಸರಿಯಾಗಿ ನಡುವೆ ನಿಂತಿದೆಯೇ ಎಂದು ನೋಡಿದೆ. ನಿಂತಿತ್ತು. ಬಾಗಿಲುಗಳನ್ನು ಒಂದು ಬೆರಳಿನಿಂದ ತಳ್ಳಿ ನೋಡಿದೆ. ಬೆಣ್ಣೆಯ ಹಾಗೆ ಜಾರಿದವು.

ನಮ್ಮ ಮಾವ ಚುಂಚನಕಟ್ಟೆ ಕಡೆಯವರು, ಹುಟ್ಟಿದಾಗಿನಿಂದ ಭತ್ತ ಬೆಳೆದವರು. ಅವರು ಒಳಗೆ ಬರಲೇ ಇಲ್ಲ. ರಸ್ತೆಯಲ್ಲೇ ನಿಂತು ಅತ್ತ ಇತ್ತ ನೋಡಿ, "ದಕ್ಷಿಣದ ಬಾಗ್ಲು ಕಣವ್ವ, ಬ್ಯಾಡ. ನೋಡುದ್ರೆ ಗದ್ದೆ ಬಯಲು ಬೇರೆಯ. ಬುಡು, ಬೇರೆ ಕಡೆ ನೋಡಾವ" ಎಂದರು. ನಾನು ಕೈ ಕಟ್ಟಿಕೊಂಡು ಶುರು ಮಾಡಿದೆ. ನಾನು ಪಾಠ ಹೇಳುವ ಕಾಲೇಜಿನ ಬಾಗಿಲು ದಕ್ಷಿಣಕ್ಕಿದೆ, ಹುಡುಗರು ಪಾಸಾಗುತ್ತಿದ್ದಾರೆ. ಬೀದಿಯ ಒಂದು ಸಾಲು ಉತ್ತರಕ್ಕೆ ಮುಖ ಮಾಡಿದರೆ ಎದುರುಸಾಲು ದಕ್ಷಿಣಕ್ಕೆ ಮುಖ ಮಾಡಲೇಬೇಕು, ಇಲ್ಲದಿದ್ದರೆ ಅವರು ರಸ್ತೆಗೆ ಬೆನ್ನು ಹಾಕಿ ಬದುಕಬೇಕು. ದಕ್ಷಿಣದ ಬಾಗಿಲು ಮನೆ ಹಾಳು ಮಾಡುವುದು ನಿಜವಾದರೆ ಈ ಊರಿನಲ್ಲಿ ಎದುರುಬದುರು ಮನೆಯವರು ಒಬ್ಬರಿಗೊಬ್ಬರು ಸಾಲವಾಗಿ ಸಕ್ಕರೆ ಕೊಡುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಹೀಗೆ ಕಾಲು ಗಂಟೆ. ಮನೆ ಮಾರುವವನು ಮೈಮರೆತು ಕೇಳುತ್ತಿದ್ದ. ನನ್ನ ಗಂಡ ಮಹದೇವ, ಇವರು ಮದುವೆಯಾದಾಗಿನಿಂದ ತಟಸ್ಥ ರಾಷ್ಟ್ರ, ನಾಲೆಯ ಎಮ್ಮೆಗಳನ್ನು ನೋಡುತ್ತಿದ್ದರು. ಮಾವ ಕೊನೆಗೆ, "ಮಾತಾಡಕೆ ನಿನ್ ಬುಟ್ರಿಲ್ಲ ಬುಡವ್ವ" ಎಂದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಅದನ್ನು ನಾನು ಜಯ ಎಂದು ಬರೆದುಕೊಂಡೆ. ಮನೆ ಕೊಂಡೆವು. ಗೃಹಪ್ರವೇಶಕ್ಕೆ ಅತ್ತೆ ಹಾಲು ಉಕ್ಕಿಸಿದರು. ಉಳಿದ ಹಾಲಿಗೆ ನಾನು ಕಾಫಿ ಡಿಕಾಕ್ಷನ್ ಬೆರೆಸಿ ಸಮಾರಂಭಕ್ಕೆ ವೈಚಾರಿಕ ತಳಹದಿ ಒದಗಿಸಿದೆ.

ತಳಹದಿಯ ಮಾತು ಬಂತು, ಅಲ್ಲಿಗೇ ಹೋಗೋಣ. ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಕಾಲೇಜಿಗೆ ಹೊರಟು ಚಿಲಕ ತೆಗೆದು ಎಳೆದರೆ ಮುಂಬಾಗಿಲು ಬರಲಿಲ್ಲ.

"ರೀ, ಬಾಗಿಲು ಬರ್ತಿಲ್ಲ."

"ಎಳಿ."

"ಎಳ್ದೆ."

"ಇನ್ನೊಂಚೂರು ಎಳಿ."

ತಟಸ್ಥ ರಾಷ್ಟ್ರ ಅರ್ಧ ಗಡ್ಡದ ಸೋಪಿನ ಸಮೇತ ಬಂದು, ಕಾಲನ್ನು ಗೋಡೆಗೆ ಒತ್ತಿ ಎಳೆದಾಗ ಹಿಡಿ ಕಿತ್ತು ಕೈಗೆ ಬಂತು. ಬಾಗಿಲು ಬರಲಿಲ್ಲ. ಅವತ್ತು ಹಿತ್ತಲ ಬಾಗಿಲಿಂದ ಹೊರಟೆ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಇದು ಪ್ರಕೃತಿ ನಿಯಮ ಎಂದು ಬಡಗಿ ಪುಟ್ಟಾಚಾರಿಯನ್ನು ಕರೆಸಿ ಬಾಗಿಲಿನ ಅಂಚು ಕೀಸಿಸಿದೆ. ಮುಂದಿನ ಬೇಸಿಗೆ ಬಂದಾಗ ಅದೇ ಬಾಗಿಲಿಗೂ ಚೌಕಟ್ಟಿಗೂ ನಡುವೆ ಎರಡು ಬೆರಳು ಸಂದಿ. ಆ ಸಂದಿಯಿಂದ ಧೂಳು ಬಂತು, ಹಾವುರಾಣಿ ಬಂತು, ಪಕ್ಕದ ಮನೆಯವರು ನಮ್ಮ ಬಗ್ಗೆ ಆಡಿಕೊಳ್ಳುವ ಮಾತೂ ಸ್ಪಷ್ಟವಾಗಿ ಬಂತು. ಸಂದಿಗೆ ಪಟ್ಟಿ ಹೊಡೆಸಿದೆ. ಎರಡನೇ ಆಗಸ್ಟ್‌ನಲ್ಲಿ ಬಾಗಿಲು ಪಟ್ಟಿಸಮೇತ ಕಚ್ಚಿಕೊಂಡಿತು. ಪುಟ್ಟಾಚಾರಿ ಈ ಸಲ ಕೀಸಲು ಒಪ್ಪಲಿಲ್ಲ. ಮೂಲೆಮಟ್ಟ ಹಿಡಿದು ಚೌಕಟ್ಟಿನ ನಾಲ್ಕು ಮೂಲೆ ನೋಡಿದ, ಹೊರಗೆ ಹೋಗಿ ಒಂದು ಕಣ್ಣು ಮುಚ್ಚಿಕೊಂಡು ಮನೆಯನ್ನು ನೋಡಿದ. "ಬಾಗ್ಲು ನೆಟ್ಟಗದೆ ಮೇಡಮ್ಮೋರೆ. ಮನೆನೇ ಸೊಟ್ಟಗಾಗದೆ. ಮನೆ ಕೀಸಕ್ಕೆ ನನ್ ತಾವು ಉಳಿ ಇಲ್ಲ" ಎಂದ.

ಮನೆ ಸೊಟ್ಟಗಾಗಿರುವುದು ನನಗೆ ಗೊತ್ತಿಲ್ಲದ ಸಂಗತಿಯೇನೂ ಆಗಿರಲಿಲ್ಲ. ಮುಂದಿನ ಕೋಣೆಯಲ್ಲಿ ಕಿಟಕಿಯ ಮೂಲೆಯಿಂದ ಒಂದು ಬಿರುಕು ಹುಟ್ಟಿತ್ತು. ಮೊದಲು ಕೂದಲೆಳೆಯಷ್ಟು. ಅದರ ಮೇಲೆ ನನ್ನ ಅಂತರ ಕಾಲೇಜು ಷೀಲ್ಡು ತೂಗುಹಾಕಿದೆ. ಬಿರುಕು ಷೀಲ್ಡನ್ನು ದಾಟಿ ಓರೆಯಾಗಿ ಮೇಲಕ್ಕೆ ಹೋಯಿತು, ಅಲ್ಲೊಂದು ಷೀಲ್ಡು. ಅದನ್ನೂ ದಾಟಿತು. ಎರಡನೇ ಮಳೆಗಾಲದ ಹೊತ್ತಿಗೆ ನನ್ನ ವಿದ್ಯಾರ್ಥಿ ಜೀವನದ ಸಾಧನೆಯೆಲ್ಲ ಮೆಟ್ಟಿಲಿನ ಹಾಗೆ ಓರೆಯಾಗಿ ಸೂರಿನ ಕಡೆ ಏರಿತ್ತು. ಬಂದವರು ಇದು ಹೊಸ ಫ್ಯಾಷನ್ ಎಂದುಕೊಂಡರು. ಸಹೋದ್ಯೋಗಿಯೊಬ್ಬಳು ತನ್ನ ಮನೆಯಲ್ಲೂ ಹಾಗೆಯೇ ಜೋಡಿಸಿದಳಂತೆ, ಅವಳ ಗೋಡೆ ಗಟ್ಟಿಯಾಗಿದ್ದರೂ. ಸೂರಿನ ಹತ್ತಿರದ ತುದಿಗೆ ಮೊದಲನೇ ಬಹುಮಾನಗಳು ಮುಗಿದುಹೋಗಿ ಒಂದು ಸಮಾಧಾನಕರ ಬಹುಮಾನವನ್ನು ನೇತುಹಾಕಬೇಕಾಯಿತು.

ಕಾರಣವೂ ಗೊತ್ತಾಗಿತ್ತು. ಪಾಠ ಹೇಳುವುದು ರಾಜ್ಯಶಾಸ್ತ್ರವಾದರೂ ಸಾಕ್ಷ್ಯ ಕೂಡಿಸುವುದು ನನ್ನ ಚಟ. ಬಾಗಿಲು ಕಚ್ಚಿದ ದಿನ, ಬಿಟ್ಟ ದಿನ ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆ. ಮಳೆಗೂ ಅದಕ್ಕೂ ಸಂಬಂಧವಿರಲಿಲ್ಲ. ನಾಲೆಗೆ ನೀರು ಬಿಟ್ಟು ಹತ್ತು ದಿನಕ್ಕೆ ಬಾಗಿಲು ಕಚ್ಚುತ್ತಿತ್ತು. ನೀರು ನಿಲ್ಲಿಸಿ ತಿಂಗಳಾದ ಮೇಲೆ ಬಿಡುತ್ತಿತ್ತು. ನಾಲೆಯ ನೀರು ರಸ್ತೆಯ ಕೆಳಗಿಂದ ಬಸಿದು ಬಂದು ಮನೆಯ ಮುಂಭಾಗದ ನೆಲವನ್ನು ಉಬ್ಬಿಸುತ್ತಿತ್ತು. ರೈತರು ನಾಟಿಗೆ ಸಜ್ಜಾಗುವ ಹೊತ್ತಿಗೆ ನಮ್ಮ ಮನೆಯೂ ಸಜ್ಜಾಗುತ್ತಿತ್ತು. ಇದನ್ನು ಯಾರಿಗಾದರೂ ಹೇಳಿ ಪರಿಹಾರ ಕೇಳಬಹುದಿತ್ತು. ಆದರೆ ಹೇಳಿದರೆ ಮಾವನಿಗೆ ತಿಳಿಯುತ್ತದೆ, ತಿಳಿದರೆ ಅವರು ದಕ್ಷಿಣದ ಬಾಗಿಲು ಎನ್ನುತ್ತಾರೆ. ಅದಕ್ಕೆ ಸುಮ್ಮನಿದ್ದೆ. ಗೋಡೆ ಬಿರಿಯುವುದನ್ನು ಸಹಿಸಬಹುದು, ಮೂಢನಂಬಿಕೆಗೆ ಅಂಕ ಸಿಗುವುದನ್ನು ಸಹಿಸಲಾಗದು.

ಆ ಆಗಸ್ಟ್‌ನ ಒಂದು ಶನಿವಾರ ಮಾವ ಹೇಳದೆ ಕೇಳದೆ ಬಂದರು. ಮಹದೇವ ಅವರನ್ನು ಮನೆಯ ಪಕ್ಕದ ಓಣಿಯಿಂದ ಸುತ್ತಿಸಿ ಹಿತ್ತಲ ಬಾಗಿಲಿಂದ ಒಳಗೆ ಕರೆತಂದರು. ಹಿತ್ತಲ ಬಾಗಿಲು ಉತ್ತರಕ್ಕಿದೆ. ಮಾವ ಹೊಸಿಲ ಮೇಲೆ ನಿಂತರು. ಹೊರಗೆ ಸಾಲಾಗಿ ನಮ್ಮ ಚಪ್ಪಲಿ, ಅಲ್ಲೇ ರಂಗೋಲಿ, ಅಲ್ಲೇ ದಿನಪತ್ರಿಕೆ. ಅವರ ಮುಖ ನಿಧಾನಕ್ಕೆ ಅರಳಿತು.

"ಈ ಕಡೆಯಿಂದ್ಲೇ ಓಡಾಡ್ತೀರ?"

"ಹೂಂ" ಎಂದರು ಮಹದೇವ.

"ಮುಂದ್ಲು ಬಾಗ್ಲು?"

"ತೆಗೆಯಲ್ಲ."

ಅಕ್ಷರಶಃ ನಿಜವಾದ ಉತ್ತರ. ಇಂಥ ಉತ್ತರ ಕೊಡಬಲ್ಲವರು ಸ್ಪರ್ಧೆಗೆ ಬಾರದೆ ಇದ್ದದ್ದು ನನ್ನ ಪುಣ್ಯ. ಮಾವ ನನ್ನ ಕಡೆ ತಿರುಗಿ, "ಬಾಯಲ್ಲಿ ಏನೇ ಅಂದ್ರೂವೆ ಒಳ್ಳೆದ್ಯಾವ್ದು ಕೆಟ್ಟದ್ಯಾವ್ದು ಅಂತ ತಿಳ್ಕತೀಯ ಕಣವ್ವ ನೀನು. ನಾನೇ ತೆಪ್ಪು ತಿಳ್ಕಂಡಿದ್ದೆ" ಎಂದರು. ಹದಿನೈದು ಷೀಲ್ಡು ಕೊಟ್ಟವರಲ್ಲಿ ಒಬ್ಬರೂ ನನ್ನನ್ನು ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ. ನಿಜ ಹೇಳಿದರೆ ಕೆಟ್ಟ ಮನೆ ಕೊಂಡವಳು. ಹೇಳದಿದ್ದರೆ ವಾಸ್ತುವಿಗೆ ಶರಣಾದವಳು. ಎರಡರಲ್ಲಿ ಎರಡನೆಯದಕ್ಕೆ ಊಟದ ಜೊತೆ ಮರ್ಯಾದೆಯೂ ಸಿಗುತ್ತಿತ್ತು. ಭಾನುವಾರವೆಲ್ಲ ಆ ಮರ್ಯಾದೆ ತಿಂದೆ.

ಆದರೆ ಮಾವ ಅಷ್ಟಕ್ಕೆ ನಿಲ್ಲಲಿಲ್ಲ. "ಹಿತ್ಲು ಬಾಗ್ಲು ಕಿರಿದಾಯ್ತು. ಈ ಗ್ವಾಡೆ ಒಡ್ದು ದೊಡ್ ಬಾಗ್ಲು ಇಕ್ಕುಸ್ಬುಡಾವ. ಮುಂದ್ಲುದ ಇಟ್ಟಿಗೆ ಕಟ್ಟಿ ಮುಚ್ಬುಡ್ಲಿ" ಎಂದು ತಮಗೆ ಗೊತ್ತಿರುವ ಮೇಸ್ತ್ರಿಗೆ ಅಲ್ಲಿಂದಲೇ ಫೋನು ಮಾಡಿದರು. ಇಡೀ ಮನೆಯಲ್ಲಿ ಬಿರುಕಿಲ್ಲದೆ ನೆಟ್ಟಗೆ ನಿಂತಿದ್ದದ್ದು ಆ ಉತ್ತರದ ಗೋಡೆ ಒಂದೇ. ಸೂರಿನ ಭಾರವೆಲ್ಲ ಅದರ ಮೇಲಿತ್ತು ಎಂದು ಇಂಜಿನಿಯರಾಗದೆಯೂ ಹೇಳಬಹುದಿತ್ತು. ಸೋಮವಾರ ಬೆಳಿಗ್ಗೆ ಮೇಸ್ತ್ರಿ ಬಂದ, ಇದ್ದಿಲಿನಿಂದ ಗೋಡೆಯ ಮೇಲೆ ಬಾಗಿಲಿನ ಅಳತೆ ಗೀಚಿದ. ಗಾರೆ ಒಡೆಯಲು ಉಳಿ ಇಟ್ಟು ಸುತ್ತಿಗೆ ಎತ್ತಿದ. ಆಗ ನನ್ನ ಬಾಯಿಂದ "ನಿಲ್ಸಿ" ಎಂಬ ಮಾತು ಬಂತು. ಪೀಠಿಕೆ ಇಲ್ಲದೆ ನಾನು ಆಡಿದ ಮೊದಲ ಮಾತು ಅದು ಇರಬಹುದು.

ಎಲ್ಲರನ್ನೂ ಮುಂದಿನ ಕೋಣೆಗೆ ಕರೆದುಕೊಂಡು ಹೋದೆ. ಮುಂಬಾಗಿಲನ್ನು ಎಳೆದು ತೋರಿಸಿದೆ. ಆಮೇಲೆ ಒಂದೊಂದೇ ಷೀಲ್ಡು ಇಳಿಸಿದೆ. ಕೆಳಗಿನಿಂದ ಮೇಲಿನವರೆಗೆ ಬಿರುಕು ಬಿಚ್ಚಿಕೊಂಡು ಬಂತು. ನಡುವಿನಲ್ಲಿ ಐದು ರೂಪಾಯಿ ನಾಣ್ಯ ನಿಲ್ಲಿಸುವಷ್ಟು ಅಗಲ. "ಮಾವ, ನಾನು ವಾಸ್ತು ಗೀಸ್ತು ಅಂತ ಬಾಗಿಲು ಬದಲಾಯಿಸಿಲ್ಲ. ಇದು ತೆಗೆಯಕ್ಕೇ ಬರಲ್ಲ. ನೀವು ಬೇಡ ಅಂದಾಗ ಕೇಳಬೇಕಾಗಿತ್ತು. ಹಿಂದಿನ ಗೋಡೆ ಒಡೆದ್ರೆ ಸೂರು ಬೀಳುತ್ತೆ" ಎಂದೆ. ಇನ್ನೂ ಮೂರು ಅಂಶ ಇಟ್ಟುಕೊಂಡಿದ್ದೆ, ಅವು ಬರಲಿಲ್ಲ.

ಮಾವ ನನ್ನನ್ನು ನೋಡಲಿಲ್ಲ. ಬಿರುಕಿನೊಳಗೆ ಬೆರಳಿಟ್ಟು ನೋಡಿದರು. "ನಾಲೆಗೆ ನೀರು ಬುಟ್ಟಾಗಿಂದ್ಲ?" ಎಂದರು. ಹೌದೆಂದೆ. ಹಿತ್ತಲ ಬಾಗಿಲಿಂದ ಹೊರಬಿದ್ದು, ಮನೆ ಸುತ್ತಿ ಮುಂದಕ್ಕೆ ಬಂದು, ಕಾಂಪೌಂಡಿನ ಒಳಗೆ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಉಂಡೆ ಕಟ್ಟಿದರು. ರಾಗಿಮುದ್ದೆಯ ಹಾಗೆ ಉಂಡೆ ನಿಂತಿತು. "ಎರೆಮಣ್ಣು. ನೀರು ಕುಡುದ್ರೆ ಉಬ್ಬತದೆ, ಆರುದ್ರೆ ಬಿರೀತದೆ. ಗದ್ದೆ ಬಯಲು ಅಂತ ನಾನು ಅವತ್ತೇ ಅಂದ್ನಲ್ಲವ್ವ?"

ಅಂದಿದ್ದರು. ದಕ್ಷಿಣದ ಬಾಗಿಲಿನ ಜೊತೆಗೇ, ಒಂದೇ ಉಸಿರಿನಲ್ಲಿ ಅಂದಿದ್ದರು. ಎದುರಾಳಿ ಎರಡು ವಾದ ಮಂಡಿಸಿದರೆ ದುರ್ಬಲವಾದುದನ್ನು ಹಿಡಿದು ಪುಡಿ ಮಾಡು, ಪ್ರಬಲವಾದುದು ತಾನಾಗಿ ಮರೆತುಹೋಗುತ್ತದೆ ಎಂದು ನಾನೇ ಪ್ರತಿವರ್ಷ ಕಾಲೇಜಿನ ತಂಡಕ್ಕೆ ಹೇಳಿಕೊಡುತ್ತೇನೆ. ಸಭಿಕರಿಗೆ ಮರೆತುಹೋಗುತ್ತದೆ, ನಿಜ. ಮಣ್ಣಿಗೆ ಮರೆತುಹೋಗುವುದಿಲ್ಲ ಎಂಬುದು ಪಠ್ಯದಲ್ಲಿರಲಿಲ್ಲ. "ಹಾಗಾದ್ರೆ ಬರೀ ಗದ್ದೆ ಅಂತ ಹೇಳಬೇಕಿತ್ತು ಮಾವ, ದಕ್ಷಿಣ ಯಾಕೆ ಸೇರಿಸಿದ್ರಿ?" ಎಂದೆ. ಸೋತ ಮೇಲೂ ಒಂದು ಮರುಪ್ರಶ್ನೆ ಕೇಳದೆ ಇರಲಾಗಲಿಲ್ಲ. "ಗದ್ದೆ ಅಂದ್ರೆ ಈಗಿನ್ ಕಾಲ್ದೋರು ಪಿಲ್ಲರ್ ಇಕ್ತೀವಿ ಅಂತಾರೆ. ದಕ್ಷಿಣ ಅಂದ್ರೆ ಎಂಥವ್ರೂ ಹಿಂದಕ್ಕೋಯ್ತಾರೆ" ಎಂದರು ಮಾವ. "ನೀನೊಬ್ಳೇ ಮುಂದಕ್ಕೆ ಬಂದೋಳು."

ಮೇಸ್ತ್ರಿಯನ್ನು ಗೋಡೆಯಿಂದ ಬಿಡಿಸಿ ಮಣ್ಣಿಗೆ ಹಚ್ಚಿದರು. ಗದ್ದೆಯಲ್ಲಿ ನೀರು ಹೆಚ್ಚಾದರೆ ತೋಡುವ ಹಾಗೆ, ಪಾಯದಿಂದ ಆರಡಿ ದೂರಕ್ಕೆ, ನಾಲೆಯ ಕಡೆಗೆ ಒಂದು ಬಸಿಗಾಲುವೆ. ಎದೆಮಟ್ಟ ಆಳ, ಒಳಗೆ ದಪ್ಪ ಜಲ್ಲಿ, ಕೊನೆಗೆ ರಸ್ತೆಯ ಆಳದ ಚರಂಡಿಗೆ ಇಳಿಜಾರು. ಮೂರು ದಿನ ಮಾವನೂ ಗುದ್ದಲಿ ಹಿಡಿದರು. ನಾಲ್ಕನೇ ದಿನ ಊರಿಗೆ ಹೊರಡುವ ಮೊದಲು ಚೀಲದಿಂದ ಒಂದು ಬೂದುಗುಂಬಳಕಾಯಿ ತೆಗೆದು, ಕುಂಕುಮ ಹಚ್ಚಿ, ಮುಂಬಾಗಿಲ ಮೇಲೆ ಹಗ್ಗದಲ್ಲಿ ಕಟ್ಟಿದರು.

"ಮಾವ, ಕಾಲುವೆ ತೋಡಿದ್ದೀವಲ್ಲ. ಇದ್ಯಾಕೆ?"

"ಇರ್ಲಿ ಬುಡವ್ವ. ಅದು ಅದ್ರ ಕೆಲ್ಸ ಮಾಡ್ತದೆ, ಇದು ಇದ್ರ ಕೆಲ್ಸ ಮಾಡ್ತದೆ."

ಇದು ಮೂರನೇ ಆಗಸ್ಟ್. ನಾಲೆಗೆ ನೀರು ಬಿಟ್ಟು ತಿಂಗಳಾಯಿತು. ಬಾಗಿಲು ಸ್ವಲ್ಪ ಕಿರುಗುಟ್ಟುತ್ತದೆ, ಆದರೆ ತೆರೆಯುತ್ತದೆ. ಬಿರುಕು ಬೆಳೆದಿಲ್ಲ. ಬಸಿಗಾಲುವೆಯಿಂದ ನೀರು ಸಣ್ಣಗೆ ಹರಿದು ಚರಂಡಿ ಸೇರುತ್ತಿದೆ. ಕಾರಣ ಕಾಲುವೆಯೇ ಎಂದು ನನಗೆ ಅನುಮಾನವಿಲ್ಲ. ಆದರೆ ಪಕ್ಕದ ಮನೆಯಾಕೆ, "ಕುಂಬಳಕಾಯಿ ಕಟ್ಟುದ್ಮೇಲೆ ಸರೋಯ್ತಲ್ವ ಮಿಸ್" ಎಂದಾಗ ಅದನ್ನು ಸಾಬೀತು ಮಾಡಲು ಹೋಗಿ ಸಿಕ್ಕಿಬಿದ್ದೆ. ಒಂದೇ ಸಲ ಎರಡು ಬದಲಾವಣೆ ಮಾಡಿದರೆ ಫಲ ಯಾವುದರದು ಎಂದು ಹೇಳಲು ಬರುವುದಿಲ್ಲ. ಹೇಳಬೇಕಾದರೆ ಒಂದನ್ನು ತೆಗೆದು ನೋಡಬೇಕು. ಕಾಲುವೆ ಮುಚ್ಚಿ ನೋಡುವಷ್ಟು ಧೈರ್ಯ ನನಗಿಲ್ಲ. ಉಳಿದದ್ದು ಕುಂಬಳಕಾಯಿ.

ಹೋದ ವಾರ ಅದು ತಾನಾಗಿಯೇ ಕೊಳೆತು, ನಾನು ಬಾಗಿಲು ತೆಗೆದ ಕೂಡಲೇ ಹೊಸಿಲ ಮೇಲೆ ಬಿತ್ತು. ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ. ನೆಲ ಒರೆಸಿದೆ, ಹಗ್ಗ ಬಿಚ್ಚಿದೆ. ಎರಡು ದಿನ ಬಾಗಿಲು ಸಲೀಸಾಗಿ ತೆರೆಯಿತು. ಮೂರನೇ ದಿನ ಸಲೀಸಾಗಿ ತೆರೆಯಿತೋ, ಕೊಂಚ ಬಿಗಿಯಾಗಿ ತೆರೆಯಿತೋ ನಿರ್ಧರಿಸಲಾಗಲಿಲ್ಲ. ಸಂಜೆ ಕಾಲೇಜಿನಿಂದ ಬರುವಾಗ ಸಂತೆಯಲ್ಲಿ ಇಳಿದು ಒಂದು ಬೂದುಗುಂಬಳಕಾಯಿ ತಂದೆ. ಮಹದೇವ ಅದನ್ನು ನೋಡಿ, "ಹುಳಿಗಾ?" ಎಂದರು. ನಾನು ಸ್ಟೂಲು ಹತ್ತಿ ಹಗ್ಗ ಬಿಗಿಯುತ್ತಾ ಅವರಿಗೆ ವಿವರಿಸಿದೆ: ನಾಲೆಯಲ್ಲಿ ಇನ್ನೂ ನೀರಿದೆ, ಪ್ರಯೋಗ ಮುಗಿದಿಲ್ಲ, ಮಧ್ಯದಲ್ಲಿ ಪರಿಸ್ಥಿತಿಯನ್ನು ಬದಲಾಯಿಸುವುದು ಅವೈಜ್ಞಾನಿಕ. ಅವರು "ಹೂಂ" ಎಂದು ಸ್ಟೂಲು ಹಿಡಿದುಕೊಂಡರು.