ಟ್ರಾಲಿ ಕಟ್ಟುವವನ ವಿಮಾನ

ಟ್ರ್ಯಾಕ್ಟರ್ ಟ್ರಾಲಿ ಕಟ್ಟುವವನು ವಿಮಾನ ಕಟ್ಟಿ, ಎಂಟನೆಯ ತರಗತಿಗೆ ಗಣಿತ ಹೇಳುವವನು ಅದನ್ನು ಹಾರಿಸಿದರೆ ಏನಾದರೊಂದು ಆಗುತ್ತಲೇ ಇರುತ್ತದೆ. ನಮ್ಮಲ್ಲಿ ಅದು ಹೆಚ್ಚಾಗಿ ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ ಆಗುತ್ತದೆ.

ಕಟ್ಟುವವನು ನನ್ನ ಹೆಂಡತಿಯ ತಮ್ಮ. ಸಿಂಧನೂರಿನಲ್ಲಿ ಅವನದೊಂದು ವೆಲ್ಡಿಂಗ್ ಶೆಡ್ ಇದೆ. ಶೆಡ್ಡಿನಲ್ಲಿ ಟ್ರಾಲಿ ಕಟ್ಟುತ್ತಾನೆ, ಬಿಡುವಿದ್ದಾಗ ಕಂಪ್ಯೂಟರಿನಲ್ಲಿ ವಿಮಾನ ಕಟ್ಟುತ್ತಾನೆ. ಫ್ಲೈಟ್ ಸಿಮ್ಯುಲೇಟರ್ ಎಂಬ ಆಟಕ್ಕೆ ಯಾರು ಬೇಕಾದರೂ ತಮ್ಮ ವಿಮಾನ ತಯಾರಿಸಿ ಸೇರಿಸಬಹುದು. ಆ ಆಟದಲ್ಲಿ ‘ಕೆರಿಯರ್’ ಎಂಬ ಭಾಗವಿದೆ. ಅಲ್ಲಿ ಪೈಲಟ್ ಆಗಿ ಕೆಲಸಕ್ಕೆ ಸೇರಬೇಕು, ಲೈಸೆನ್ಸ್ ಪಡೆಯಬೇಕು, ಒಂದೊಂದೇ ಮಿಷನ್ ಮುಗಿಸುತ್ತ ಹೋಗಬೇಕು: ಪ್ರಯಾಣಿಕರನ್ನು ಒಯ್ಯುವುದು, ಸಾಮಾನು ಸಾಗಿಸುವುದು, ಹೊಲಕ್ಕೆ ಔಷಧಿ ಹೊಡೆಯುವುದು. ಹೊಸ ವಿಮಾನವನ್ನು ಬೇರೆ ಆಟಗಾರರಿಗೆ ಕೊಡುವ ಮೊದಲು ಈ ಮಿಷನ್‌ಗಳಲ್ಲಿ ಪರೀಕ್ಷಿಸಬೇಕು. ಪರೀಕ್ಷಕ ನಾನು. ಮಸ್ಕಿಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಎಲ್ಲ ಲೈಸೆನ್ಸೂ ಇರುವ ಒಂದು ಖಾತೆ ಇರುವುದರಿಂದ ಈ ಕೆಲಸ ನನ್ನ ಪಾಲಿಗೆ ಬಂದಿದೆ.

ಆ ಖಾತೆ ನನ್ನ ಹೆಂಡತಿಯದು. ಅವಳು ತೀರಿಕೊಂಡು ಒಂದು ವರ್ಷ ಎರಡು ತಿಂಗಳಾಯಿತು. ಒಮ್ಮೆಯೂ ನಿಜವಾದ ವಿಮಾನ ಹತ್ತದ ಅವಳು ನಾನು ಶಾಲೆಯಲ್ಲಿರುವಾಗ ಮಧ್ಯಾಹ್ನಗಳಲ್ಲಿ ಕುಳಿತು ಅರವತ್ತೆರಡು ಮಿಷನ್ ಮುಗಿಸಿದ್ದಳು. ಆಟ ತೆರೆದ ಕೂಡಲೇ ಅವಳ ಹೆಸರು ಬರುತ್ತದೆ, ಅದರ ಕೆಳಗೆ, ನಾನು ಮೊದಲ ಸಲ ತೆರೆದಾಗ, ‘ಪೂರ್ಣ: ೬೨, ವಿಫಲ: ೦’ ಎಂದಿತ್ತು. ಚಕ್ರ ನೆಲದ ಮೇಲಿರುವಾಗ ಮಿಷನ್ ರದ್ದು ಮಾಡಿದರೆ ಆಟ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೆಲ ಬಿಟ್ಟ ಮೇಲೆ ಬಿದ್ದರೂ ವಿಫಲ, ನಡುವೆ ಬಿಟ್ಟು ಹೊರಬಂದರೂ ವಿಫಲ. ಆ ಸೊನ್ನೆ ಹಾಗೆಯೇ ಇರಬೇಕೆಂಬುದು ನನ್ನ ಒಂದೇ ಷರತ್ತು. ಮೈದುನ ಅದಕ್ಕೆ ಒಪ್ಪಿ, ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದಾನೆ. ಕೈ ಇಟ್ಟದ್ದು ನನ್ನ ತಲೆಯ ಮೇಲೆ.

ಗಟ್ಟಿ ಇರಬೇಕು

ಸಿಂಧನೂರು, ಮಸ್ಕಿ, ಲಿಂಗಸೂಗೂರುಗಳಿಗೆ ವಿಮಾನ ನಿಲ್ದಾಣವಿಲ್ಲ. ಆಟದಲ್ಲಿ ಮೈದುನನೇ ಮೂರೂ ಊರಿಗೆ ಒಂದೊಂದು ರನ್‌ವೇ ಹಾಕಿದ್ದಾನೆ. ಅವನ ಮೊದಲ ವಿಮಾನವನ್ನು ನಾನು ಮಸ್ಕಿಯ ರನ್‌ವೇಯಲ್ಲಿ ಓಡಿಸಿದೆ. ವಿಮಾನ ಓಡಿತು. ಓಡುತ್ತಲೇ ಇತ್ತು. ರನ್‌ವೇ ಮುಗಿಯಿತು, ಚಕ್ರ ಮಾತ್ರ ಏಳಲಿಲ್ಲ. ಬ್ರೇಕ್ ಹಾಕಿ, ರದ್ದು ಮಾಡಿ, ಫೋನ್ ಮಾಡಿದೆ.

“ಖಾಲಿ ವಿಮಾನದ ತೂಕ ಎಷ್ಟು ಕೊಟ್ಟೀದಿ?”

“ಐದು ಎಂಎಂ ಶೀಟು, ಡಬಲ್ ಚಾನೆಲ್ ಚಾಸಿ, ಹಿಂದ ಟ್ರಾಲಿ ಆಕ್ಸಲ್. ಅದರ ತೂಕಾನ ಹಾಕೀನಿ ಮಾಮಾ.”

“ವಿಮಾನಕ್ಕ ತೆಳು ಅಲ್ಯುಮಿನಿಯಂ ಹಾಕ್ತಾರಪ.”

“ತೆಳು ಹಾಕಿದ್ರ ನಾಳೆ ಗಿರಾಕಿ ಬಂದು ಬೈತಾನ್ರೀ. ಎರಡು ಸುಗ್ಗಿಗೆ ಬೆಂಡ್ ಆತು ಅಂತಾನ. ಗಟ್ಟಿ ಇರಬೇಕು.”

“ಗಟ್ಟಿ ಐತಿ. ಆದರ ಏಳವಲ್ದು.”



“ನೆಲದ ಮ್ಯಾಲೆ ಓಟ ಹೆಂಗೈತಿ?”

“ಓಟ ಚಲೋ ಐತಿ.”

“ಮತ್ತೇನ್ ಮಾಮಾ, ಹಂಗ ರೋಡ್ ಹಿಡದು ಲಿಂಗಸೂಗೂರಿಗೆ ಹೋಗಿಬಿಡ್ರಿ. ಮಂದಿಗೆ ಊರು ಮುಟ್ಟಿದ್ರ ಸಾಕಲ್ಲ?”

ಹನ್ನೊಂದನೆಯವನು

ಎರಡನೆಯ ವಿಮಾನದಲ್ಲಿ ತೂಕ ಸರಿಯಿತ್ತು. ನಾಲ್ವರು ಪ್ರಯಾಣಿಕರನ್ನು ಒಯ್ಯುವ ಮಿಷನ್. ಪೈಲಟ್ ಸೀಟಿನಲ್ಲಿ ಕುಳಿತು ನೋಡಿದರೆ ಎದುರಿನ ಮೀಟರುಗಳಲ್ಲಿ ಅರ್ಧ ಮಾತ್ರ ಕಾಣುತ್ತಿದ್ದವು. ಉಳಿದರ್ಧದ ಜಾಗದಲ್ಲಿ ಬಾಗಿಲು ಕಾಣುತ್ತಿತ್ತು. ಕಣ್ಣಿನ ಎತ್ತರ ಸರಿಯಿತ್ತು, ಕುಳಿತ ಜಾಗ ಮಾತ್ರ ಒಂದೂಕಾಲು ಅಡಿ ಪಕ್ಕಕ್ಕಿತ್ತು. ನಾನು ಅಳತೆ ತೆಗೆದು ಬರೆದುಕೊಂಡೆ. ಸಂಜೆ ಮೈದುನ ಮನೆಗೆ ಬಂದಾಗ ತೋರಿಸಿದೆ.

“ಪೈಲಟ್ ಬಾಗಿಲಿಗೆ ಅಂಟಿಕೊಂಡು ಯಾಕ ಕುಂತಾನ?”

“ಡ್ರೈವರ್ ಸ್ವಲ್ಪ ಸರಕೊಂಡ ಕುಂದ್ರತಾನ ಮಾಮಾ. ಮುಂದ ಮೂರು ಮಂದಿ ಹಿಡೀಬೇಕಲ್ಲ?”

ಆಗ ನನಗೆ ತಿಳಿಯಿತು. ಅವನು ನಾಲ್ಕು ಸೀಟು ಕಟ್ಟಿಯೇ ಇರಲಿಲ್ಲ. ಮಸ್ಕಿಯಿಂದ ಲಿಂಗಸೂಗೂರಿಗೆ ಹೋಗುವ ಜೀಪಿನ ಲೆಕ್ಕದಲ್ಲಿ ಕಟ್ಟಿದ್ದ. ಮುಂದೆ ಪೈಲಟ್ ಬಿಟ್ಟು ಮೂವರು, ನಡುವೆ ನಾಲ್ವರು, ಹಿಂದೆ ಎದುರುಬದುರಾಗಿ ನಾಲ್ವರು.

“ಹನ್ನೊಂದು ಮಂದಿ! ಆಟ ಕೊಡೂದು ನಾಲ್ಕ ಮಂದೀನ.”

“ಈಗ ನಾಕ ಮಂದಿ ಬಂದಾರ. ದಾರ್ಯಾಗ ಯಾರರ ಕೈ ಮಾಡಿದ್ರ?”

“ಐದು ಸಾವಿರ ಅಡಿ ಮ್ಯಾಲ ಯಾರು ಕೈ ಮಾಡ್ತಾರಲೇ?”

ಅವನು ಸಮಾಧಾನವಾಗಿ ಚಹಾ ಕುಡಿದು ಮುಗಿಸಿದ. “ಮಾಮಾ, ನೀವು ಬಸ್ಸಿನಾಗ ಅಡ್ಡಾಡಾವ್ರು. ನಿಮಗ ಗೊತ್ತಾಗಂಗಿಲ್ಲ.”

ಸಮಾಧಾನಗೊಂಡ ಗ್ರಾಹಕ

ಮೂರನೆಯದು ಔಷಧಿ ಹೊಡೆಯುವ ವಿಮಾನ. ಗೊರೇಬಾಳದ ಕಡೆಯ ಭತ್ತದ ಗದ್ದೆಗಳ ಮೇಲೆ ಮಿಷನ್ ಬಂದಿತ್ತು. ಆ ದಿನದಿಂದ ನನ್ನ ಅತ್ತೆಯೂ ಪಕ್ಕದ ಮಂಚದ ಮೇಲೆ ಕುಳಿತು ನೋಡತೊಡಗಿದರು. ಮಗಳ ಕಾರ್ಯಕ್ಕೆಂದು ಬಂದವರು ತಿರುಗಿ ಮಗನ ಮನೆಗೆ ಹೋಗಿಲ್ಲ. ಯಾಕೆ ಎಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಗದ್ದೆ ಮಾಡಿ ಗೊತ್ತಿರುವವರು. ತೆರೆಯ ಮೇಲೆ ಬದುವು ಕಂಡರೆ ಬದುವು ಸರಿಯಿಲ್ಲ ಎನ್ನುತ್ತಾರೆ.

ನೆಲದ ಮೇಲೆ ಪರೀಕ್ಷಿಸಬಹುದಾದದ್ದನ್ನೆಲ್ಲ ಪರೀಕ್ಷಿಸಿ ಏರಿದೆ. ಗದ್ದೆಯ ಮೇಲೆ ಬಂದು ಔಷಧಿಯ ಗುಂಡಿ ಒತ್ತಿದೆ. ತುಂತುರು ಬರಲಿಲ್ಲ. ವಿಮಾನದ ಹೊಟ್ಟೆ ಹಿಂದಕ್ಕೆ ವಾಲಿತು, ಹಿಂಬದಿಯ ಹಲಗೆ ಬಿಚ್ಚಿಕೊಂಡಿತು, ಇದ್ದ ಔಷಧಿಯೆಲ್ಲ ಒಂದೇ ಸಲ ಒಂದೇ ಕಡೆ ಬಿತ್ತು. ಹಗುರಾದ ವಿಮಾನ ನೆಟ್ಟಗೆ ಆಕಾಶಕ್ಕೆ ಎದ್ದಿತು. ಅದನ್ನು ಹಿಡಿದು ಸಮಕ್ಕೆ ತರುವಷ್ಟರಲ್ಲಿ ನನ್ನ ಅಂಗಿ ತೊಯ್ದಿತ್ತು. ಮೈದುನ ಮರಳು ಸುರಿಯುವ ಟಿಪ್ಪರ್ ಟ್ರಾಲಿಯ ಲೆಕ್ಕವನ್ನೇ ಇದಕ್ಕೂ ಹಾಕಿದ್ದ.

ಅರ್ಧಕ್ಕೆ ಬಿಟ್ಟರೆ ಸೊನ್ನೆ ಹೋಗುತ್ತದೆ. ಇಳಿದು ಮತ್ತೆ ತುಂಬಿಸಿಕೊಳ್ಳಲು ಆಟ ಬಿಡುತ್ತದೆ. ಹಾಗಾಗಿ ಆರು ಗದ್ದೆಗೆ ಆರು ಸಲ ಹೋಗಿ, ಒಂದೊಂದರ ನಟ್ಟನಡುವೆ ಒಂದೊಂದು ಟ್ಯಾಂಕ್ ಸುರಿದು ಬಂದೆ. ಆಟ ಗದ್ದೆಯೊಳಗೆ ಬಿದ್ದ ಔಷಧಿಯ ಪ್ರಮಾಣ ನೋಡುತ್ತದೆ, ಹೇಗೆ ಬಿತ್ತು ಎಂದು ನೋಡುವುದಿಲ್ಲ. ತೆರೆಯ ಮೇಲೆ ‘ಮಿಷನ್ ಪೂರ್ಣ, ಗ್ರಾಹಕರಿಗೆ ಸಂಪೂರ್ಣ ಸಮಾಧಾನ’ ಎಂದು ಬಂತು. ಅತ್ತೆಗೆ ಓದಿ ಹೇಳಿದೆ.

ಅವರು ಆ ಆರು ಗದ್ದೆಗಳನ್ನು ಒಂದು ಸಲ ನೋಡಿದರು.

“ಗದ್ದಿ ಮಾಲಕ ಇನ್ನ ಹೊಲಕ್ಕ ಹೋಗಿಲ್ಲ ಬಿಡ್ರಿ” ಎಂದರು.

ಮೂವತ್ತಾರು

ಪ್ರತಿ ಪರೀಕ್ಷೆಯ ನಂತರ ನಾನು ವರದಿ ಬರೆಯುತ್ತೇನೆ. ದೋಷ, ಕಾರಣ, ತಿದ್ದುಪಡಿ, ಕೊನೆಗೆ ನೂರಕ್ಕೆ ಇಷ್ಟು ಎಂದು ಅಂಕ. ನಾಲ್ಕನೆಯ ವಿಮಾನ ಎಡಕ್ಕೆ ಎಳೆಯುತ್ತಿತ್ತು, ಬಾಗಿಲು ಹೊರಗಿನಿಂದ ಚಿಲಕ ಹಾಕುವಂತಿತ್ತು, ದೀಪ ಹಿಂದೆ ಮಾತ್ರ ಇದ್ದವು. ಆದರೂ ಏರಿತು, ಇಳಿಯಿತು. ನ್ಯಾಯವಾಗಿ ಎಷ್ಟು ಕೊಡಬಹುದೋ ಅಷ್ಟು ಕೊಟ್ಟೆ: ಮೂವತ್ತಾರು. ಕಳಿಸಿದ ಮೇಲೆ ಸ್ವಲ್ಪ ಕಠಿಣವಾಯಿತೇನೋ ಎಂದು ಮನಸ್ಸಿಗೆ ಹತ್ತಿತು.

ಮರುದಿನ ಅವನು ಶಾಲೆಯ ಗೇಟಿಗೇ ಬಂದ, ಕೈಯಲ್ಲಿ ಅರ್ಧ ಕಿಲೋ ಪೇಡೆ.

“ಏನಪ, ಬ್ಯಾಸರಾತೇನು?”

“ಬ್ಯಾಸರ ಯಾಕ್ರೀ? ಗಣಿತ ಮಾಸ್ತರ ಕೈಯಾಗ ಪಾಸ್ ಆಗಿದ್ದು ಹುಟ್ಟಿದಾಗಿಂದ ಇದ ಮೊದಲು.”

ಮುಳ್ಳು ಮೇಲಿತ್ತು

ಐದನೆಯ ವಿಮಾನ ನಿಜಕ್ಕೂ ಚೆನ್ನಾಗಿತ್ತು. ತೂಕ ಸರಿ, ಸೀಟು ನಾಲ್ಕೇ, ಪೈಲಟ್ ನಡುವೆ. ಲಿಂಗಸೂಗೂರಿನಿಂದ ಸಿಂಧನೂರಿಗೆ ನಾಲ್ವರನ್ನು ಮುಟ್ಟಿಸುವ ಮಿಷನ್. ವಿಮಾನಕ್ಕೆ ಎರಡು ಮೂರು ಮಿಷನ್‌ನಂತೆ ಇಷ್ಟರಲ್ಲಿ ಪೂರ್ಣಗೊಂಡವು ಎಪ್ಪತ್ತಾಗಿದ್ದವು, ವಿಫಲ ಇನ್ನೂ ಸೊನ್ನೆ. ಹೊರಡುವ ಮೊದಲು ಪಟ್ಟಿ ಹಿಡಿದು ಪ್ರತಿಯೊಂದನ್ನೂ ನೋಡಿದೆ. ಇಂಧನದ ಮುಳ್ಳು ‘ಪೂರ್ಣ’ದ ಮೇಲಿತ್ತು. ಗುರುತು ಹಾಕಿ ಹೊರಟೆ.

ಮಸ್ಕಿಯ ಮೇಲೆ ಬಂದಾಗ ಅತ್ತೆ ಮಂಚದಿಂದ ಮುಂದಕ್ಕೆ ಬಾಗಿದರು. “ಗುಡ್ಡ ಬಂತು. ನಮ್ಮ ಮನಿ ಕಾಣತೈತೇನು ನೋಡ್ರಿ.” ನಾನು ನೋಡುವಷ್ಟರಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಒಂದು ಕೈ ವಿಮಾನ ನಡೆಸುವ ಜಾಯ್‌ಸ್ಟಿಕ್‌ನ ಮೇಲಿಟ್ಟು ಇನ್ನೊಂದು ಕೈಯಿಂದ ಮೈದುನನಿಗೆ ಫೋನ್ ಹಚ್ಚಿದೆ.

“ಎಂಜಿನ್ ಬಂದ್ ಆತು!”

“ಎಣ್ಣಿ ನೋಡ್ರಿ ಮಾಮಾ.”

“ಫುಲ್ ಐತಿ. ಮುಳ್ಳು ಮ್ಯಾಲ ಐತಿ.”

“ಆ ಮುಳ್ಳು ಚಿತ್ರ ಮಾಮಾ. ಅದಕ್ಕ ಇನ್ನ ಕನೆಕ್ಷನ್ ಕೊಟ್ಟಿಲ್ಲ.”

“ಹಂಗಾರ ಎಣ್ಣಿ ಎಷ್ಟು ಹಾಕೀದಿ?”

“ಬಂಕ್ ಮುಟ್ಟೋವಷ್ಟು. ಹೊಸಾ ಗಾಡಿ ಯಾರರ ಫುಲ್ ಟ್ಯಾಂಕ್ ಹಾಕಿ ಕೊಡ್ತಾರೇನ್ರೀ? ತಗೊಂಡಾಂವ ಹಾಕ್ಕೋತಾನ.”

“ಮತ್ತ ಚಿತ್ರದಾಗ ಯಾಕ ಫುಲ್ ತಗದೀಲೇ?”

“ಖಾಲಿ ತಗದ್ರ ಚಂದ ಕಾಣತೈತೇನ್ರೀ?”

ಫೋನ್ ಇಟ್ಟೆ. ಎತ್ತರ ಒಂದು ಸಾವಿರದ ಇನ್ನೂರು ಅಡಿ. ಮಸ್ಕಿಯ ರನ್‌ವೇ ಹಿಂದೆ ಉಳಿದಿತ್ತು, ತಿರುಗಿದರೆ ಮುಟ್ಟುವುದಿಲ್ಲ. ಮುಂದೆ ಕಾಲುವೆ, ಕಾಲುವೆಯ ಆಚೆ ನೀರು ನಿಂತ ಗದ್ದೆ. ಲೆಕ್ಕ ಹಾಕಿದೆ. ಯಾವ ಕಡೆಯಿಂದ ಹಾಕಿದರೂ ಉತ್ತರ ಒಂದೇ ಬರುತ್ತಿತ್ತು. ಹಿಂದೆ ಕುಳಿತ ಪ್ರಯಾಣಿಕ ಇಂಗ್ಲಿಷಿನಲ್ಲಿ ಏನೋ ಕೇಳಿದ.

“ಏನಂತಾನ?” ಎಂದರು ಅತ್ತೆ.

“ಎಲ್ಲಾ ಬರೋಬರ್ ಐತೇನು ಅಂತ ಕೇಳಾಕತ್ತಾನ್ರೀ.”

“ಇಲ್ಲಂತ ಹೇಳ್ರಿ. ಮಂದಿಗೆ ಸುಳ್ಳು ಹೇಳಬಾರದು.”

ಆರುನೂರು ಅಡಿ. ಅರವತ್ತೆರಡು ಸಲ ಅವಳು ತನ್ನ ಕೈಯಾರೆ ಇಳಿಸಿದ್ದಳು. ಆ ಸೊನ್ನೆಯನ್ನು ಅಳಿಸಿ ನಾನು ಒಂದು ಬರೆಯುವವನಿದ್ದೆ. ಮುನ್ನೂರು.

“ಬೀಳತೈತೇನು ಮಾಸ್ತರ?”

“ಹೌದ್ರೀ.”

“ಖರೇನ ಬೀಳತೈತಿ?”

“ಖರೇನ ರೀ.”

ಅತ್ತೆ ಮಂಚದಿಂದ ಎದ್ದು, ಸೆರಗು ಸರಿಪಡಿಸಿಕೊಂಡು, ಗೋಡೆಯ ಬಳಿ ಹೋಗಿ ಕಂಪ್ಯೂಟರಿನ ಸ್ವಿಚ್ ಆರಿಸಿದರು. ತೆರೆ ಕಪ್ಪಾಯಿತು.

“ಆಕಿ ಹಿಂಗ ಮಾಡ್ತಿದ್ಲು” ಎಂದು ಮತ್ತೆ ಮಂಚದ ಮೇಲೆ ಕುಳಿತರು.

ಕಂಪ್ಯೂಟರನ್ನು ಮತ್ತೆ ಹಚ್ಚಿದೆ. ಅವಳ ಹೆಸರು ಬಂತು. ಪೂರ್ಣ ಎಪ್ಪತ್ತು, ವಿಫಲ ಸೊನ್ನೆ. ವಿಮಾನ ಬಿತ್ತೆಂದು ಬರೆದುಕೊಳ್ಳಲು ಆಟಕ್ಕೆ ಸಮಯವೇ ಸಿಕ್ಕಿರಲಿಲ್ಲ.

“ಹಿಂಗ ಮಾಡ್ತಿದ್ಲಾ?”

“ಮಾಡಿ, ನನಗ ಫೋನ್ ಹಚ್ಚಿ ನಗತಿದ್ಲು. ನಿಮಗ ಕರೆಂಟ್ ಹೋಗಿತ್ತು ಅಂತ ಹೇಳ್ತಿದ್ಲಂತ.”

ಹೇಳುತ್ತಿದ್ದಳು. ನಾನು ಶಾಲೆಯಿಂದ ಬಂದು “ಇವತ್ತು ಹೆಂಗ ಆತು?” ಎಂದರೆ, “ಇಳಸೋ ಹೊತ್ತಿಗೆ ಕರೆಂಟ್ ಹೋಗಿಬಿಡ್ತು” ಎನ್ನುತ್ತಿದ್ದಳು. ಅವಳ ಮುಖ ನೋಡಿ ನನಗೆ ಬಹಳ ಕೆಡುಕೆನಿಸುತ್ತಿತ್ತು. ಕೊನೆಗೆ ಒಂದು ದಿನ ಕರೆಂಟ್ ಆಫೀಸಿಗೆ ಲಿಖಿತ ಅರ್ಜಿ ಕೊಟ್ಟೆ. ಜೊತೆಗೆ ಯಾವ ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಕರೆಂಟ್ ಹೋಯಿತು ಎಂಬ ಪಟ್ಟಿ ಲಗತ್ತಿಸಿದೆ. ಅಲ್ಲಿದ್ದವರು ತಮ್ಮ ರಿಜಿಸ್ಟರ್ ತೆಗೆದು ನೋಡಿ, “ಸರ್, ಇಡೀ ಓಣಿಗೆ ಕರೆಂಟ್ ಇತ್ತಲ್ರೀ. ನಿಮ್ಮ ಮನಿಗಷ್ಟ ಹೆಂಗ ಹೋಗತೈತ್ರೀ?” ಎಂದರು. ನಾನು ಎದ್ದು ನಿಂತು, “ನಿಮ್ಮ ರಿಜಿಸ್ಟರ್ ಸುಳ್ಳಿರಬಹುದು, ನನ್ನ ಹೆಂಡತಿ ಸುಳ್ಳು ಹೇಳೂದಿಲ್ಲ” ಎಂದು ಎಲ್ಲರೆದುರು ಹೇಳಿ, ಸ್ವೀಕೃತಿಯ ಸಹಿ ಹಾಕಿಸಿಕೊಂಡು ಬಂದಿದ್ದೆ.

ನನಗೆ ನಗು ಬಂತು. ಈ ಮನೆಯಲ್ಲಿ ಬಹಳ ದಿನಗಳಿಂದ ಬಂದಿರಲಿಲ್ಲ, ಆದ್ದರಿಂದ ನಿಲ್ಲಿಸಲು ಸ್ವಲ್ಪ ಹೊತ್ತು ಹಿಡಿಯಿತು. ಕನ್ನಡಕ ತೆಗೆದು ಒರೆಸಿಕೊಂಡು ಅತ್ತೆಯನ್ನು ಕೇಳಿದೆ:

“ಒಟ್ಟು ಎಷ್ಟು ಸಲ ಬೀಳಿಸ್ಯಾಳ್ರೀ?”

“ನಾ ಎಲ್ಲಿ ಎಣಿಸ್ಲಿ ಮಾಸ್ತರ?” ಎಂದರು ಅತ್ತೆ. “ನೀವ ಪಟ್ಟಿ ಮಾಡಿ ಸರ್ಕಾರಕ್ಕ ಕೊಟ್ಟೀರಲ್ಲ.”